ದೋಣಿಮಂಚದ ಗೋಡೆ ಬದಿ

೧
ಈ ಕಥೆಯನ್ನು ಎಲ್ಲಿಂದ ಹಿಡಿಯಲಿ? ಕುರ್ಚಿಯ ಕಾಲಿನಿಂದ ಹಿಡಿಯಬೇಕು ಎನ್ನುತ್ತಿದ್ದರು ನಮ್ಮ ಮೇಷ್ಟ್ರು ಗಾಸ್ಪಾರ್ ಲೆರ್ಮಿನಿಯೆ. ಪ್ಯಾರಿಸ್ಸಿನ ಗೃಹಾಲಂಕಾರದ ಶಾಲೆಯೊಂದರಲ್ಲಿ ಅವರು ಪೀಠೋಪಕರಣಗಳ ಚರಿತ್ರೆ ಹೇಳಿಕೊಡುತ್ತಿದ್ದರು. ನಾನು ಅವರ ವಿದ್ಯಾರ್ಥಿನಿಯಾಗಿ ಬಂದು ಇಲ್ಲೇ ಉಳಿದುಬಿಟ್ಟವಳು. ಹಾಗಾಗಿ ನನ್ನ ಮೊದಲ ಡ್ರಾಫ್ಟು ಹೀಗೆ ಶುರುವಾಗಿತ್ತು: ‘ದೊರೆ ಹದಿನಾಲ್ಕನೇ ಲೂಯಿಯ ಕಾಲದಲ್ಲಿ ಕುರ್ಚಿಯ ಕಾಲುಗಳು ಸೆಟೆದು ನಿಂತಿದ್ದವು. ಹದಿನೈದನೆಯವನ ಕಾಲಕ್ಕೆ ಬಳುಕಿದವು. ಹದಿನಾರನೆಯವನ ಕಾಲಕ್ಕೆ ಮತ್ತೆ ನೆಟ್ಟಗಾದವು, ಅಷ್ಟರಲ್ಲಿ ರಾಜನ ತಲೆಯೇ ಹೋಯಿತು.’ ಓದಿ ನೋಡಿದೆ. ಚೆನ್ನಾಗಿಯೇ ಇದೆ. ಆದರೆ ಇದು ನನ್ನದಲ್ಲ. ಮೇಷ್ಟ್ರ ಮೊದಲ ದಿನದ ಪಾಠ, ಜೋಕಿನ ಸಮೇತ. ಹರಿದು ಹಾಕಿದೆ.

(ಹರಿದದ್ದು ಮಾತಿಗೆ. ಅಳಿಸುವ ಗುಂಡಿ ಒತ್ತಿದೆ, ಅಷ್ಟೆ. ಈಗಿನ ಲೇಖಕಿಗೆ ಕಾಗದ ಹರಿಯುವ ಸುಖವೂ ಇಲ್ಲ.)

೨
ಎರಡನೆಯ ಡ್ರಾಫ್ಟು ಮೇಷ್ಟ್ರ ಸಾವಿನಿಂದ ಶುರುವಾಗಿತ್ತು. ಅದನ್ನು ಓದಿಲ್ ತಡೆದರು.

ಓದಿಲ್ ಎಂದರೆ ಮೇಷ್ಟ್ರ ಮೊದಲ ಹೆಂಡತಿ. ಸ್ಯಾಂತ್ ಆಂತ್ವಾನ್ ಬಡಾವಣೆಯ ಬಡಗಿಗಳ ಓಣಿಯೊಂದರಲ್ಲಿ ಅವರ ಅಂಗಡಿ. ಹಳೆಯ ಪೀಠೋಪಕರಣ ಕೊಂಡು ಜನರ ಮನೆಗಳಲ್ಲಿ ಒಪ್ಪವಾಗಿ ಜೋಡಿಸಿಕೊಡುವುದು ಅವರ ಕೆಲಸ; ಹರಿದ ಕುರ್ಚಿಗಳಿಗೆ ಕುದುರೆಕೂದಲು ತುಂಬಿ ಹೊಸ ಬಟ್ಟೆ ಹೊಲಿಯುವುದು ನನ್ನದು. ಬಿಡುವಿನಲ್ಲಿ ನಾನು ಟೈಪ್ ಮಾಡುತ್ತಿರುವುದನ್ನು ಅವರು ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಒಂದಾದರೂ ನೆಟ್ಟಗಿನ ಗೆರೆ ಇದೆಯಾ ಮಾರಾಯ್ತಿ ನಿನ್ನ ಈ ಕನ್ನಡ ಅಕ್ಷರದಲ್ಲಿ? ಪೂರಾ ಹದಿನೈದನೇ ಲೂಯಿ,” ಎಂದರು. ಏನು ಬರೆದಿದ್ದೀಯೆಂದು ಕೇಳಿದರು. ಹೇಳಿದೆ. ಅವರಿಗೆ ಸರಿಬರಲಿಲ್ಲ.

“ಅವನು ಸತ್ತಲ್ಲಿಂದ ಶುರು ಮಾಡಿದರೆ ಓದೋರು ಮೊದಲೇ ಮುಖ ಸಪ್ಪೆ ಮಾಡ್ಕೊಂಡು ಕೂತುಬಿಡ್ತಾರೆ. ಆಮೇಲೆ ಅವನನ್ನ ಬೈಯೋಕೆ ನನಗೆ ಜಾಗವೇ ಇರಲ್ಲ. ಮಂಚದಿಂದ ಶುರು ಮಾಡು.”

೩
ಆಯಿತು, ಮಂಚ. ನೆಪೋಲಿಯನ್ ಕಾಲದ್ದು, ಕೆಂಪು ಮಹಾಗನಿ. ತಲೆಯ ಕಡೆ, ಕಾಲಿನ ಕಡೆ ಎರಡೂ ದೋಣಿಯ ಮೂತಿಯಂತೆ ಮೇಲೆದ್ದು ಹೊರಕ್ಕೆ ಸುರುಳಿಯಾಗಿವೆ. ನಡುವೆ ತಗ್ಗು. ಉದ್ದಕ್ಕೆ ಗೋಡೆಗೆ ಒತ್ತಿಸಿ ಇಡಬೇಕಾದ ಮಂಚ. ಓದಿಲ್ ಮತ್ತು ಮೇಷ್ಟ್ರು ಮದುವೆಯಾದ ವರ್ಷ ಕೊಂಡಿದ್ದರು. ಮದುವೆ ಮುರಿದಾಗ ಓದಿಲ್ ತಮ್ಮ ಕುರ್ಚಿ, ಕನ್ನಡಿ, ಗಡಿಯಾರಗಳನ್ನೆಲ್ಲ ಸಾಗಿಸಿದರು, ಮಂಚವನ್ನು ಮಾತ್ರ ಬಿಟ್ಟರು. ಬಿಚ್ಚುವುದು ರಗಳೆ ಎಂದು ಕಾರಣ ಕೊಟ್ಟಿದ್ದರು. (ನೀವು ನಂಬಬೇಡಿ. ನಾನೂ ನಂಬಿರಲಿಲ್ಲ.)

ಆಮೇಲೆ ಆ ಮನೆಗೆ ಮೇಷ್ಟ್ರ ಎರಡನೆಯ ಹೆಂಡತಿಯಾಗಿ ನದೇಜ್ ಬಂದರು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವ, ದೊಡ್ಡ ನಗುವಿನ ಹೆಂಗಸು. ಹದಿನಾರನೇ ಲೂಯಿಯ ಮೇಜಿನ ಪಕ್ಕ ಮಡಚುವ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದರು. ಒಂದು ಕಾಲದ ಶೈಲಿಗೆ ಇನ್ನೊಂದನ್ನು ಬೆರೆಸಿದ ವಿದ್ಯಾರ್ಥಿಗಳಿಗೆ ಸೊನ್ನೆ ಕೊಡುತ್ತಿದ್ದ ಮೇಷ್ಟ್ರು ಅದೇ ಪ್ಲಾಸ್ಟಿಕ್ ಕುರ್ಚಿಯ ಜೋಡಿಯ ಮೇಲೆ ಕೂತು ತಾವೂ ಬಟಾಣಿ ಸುಲಿದರಂತೆ. ಈ ಸುದ್ದಿ ತಂದವಳು ನಾನೇ. ಗಂಡನಿಗೆ ಇನ್ನೊಬ್ಬಳಿದ್ದಾಳೆಂಬುದನ್ನು ಓದಿಲ್ ಸಹಿಸಿಕೊಂಡಿದ್ದರು. ಬಟಾಣಿಯನ್ನು ಸಹಿಸಲಾಗಲಿಲ್ಲ.

೪
ಮೇಷ್ಟ್ರ ಬೆನ್ನುಮೂಳೆಯಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಬೇಸಿಗೆ ಮುಗಿಯುವ ಹೊತ್ತಿಗೆ ಕಾಲು ಸೋತವು. ಮನೆಗೆ ಬರುತ್ತಿದ್ದ ನರ್ಸು, ಈ ತಗ್ಗು ದೋಣಿಯಿಂದ ರೋಗಿಯನ್ನು ಎತ್ತಿ ಹೊರಳಿಸಲು ಆಗುವುದಿಲ್ಲ, ಏರಿಸಿ ಇಳಿಸುವ ಉಕ್ಕಿನ ಮಂಚವೇ ಆಗಬೇಕು ಎಂದಳು. ಮೇಷ್ಟ್ರು ಒಪ್ಪಲಿಲ್ಲ. ಉಕ್ಕಿನ ಮೇಲೆ ಸಾಯಲು ತಾನೇನು ಹೋಟೆಲಿನ ಮೀನೇ ಎಂದು ಕೇಳಿದರಂತೆ. ನದೇಜ್ ಅತ್ತರು, ಬೈದರು, ಕೊನೆಗೆ ಅಂಗಡಿಗೆ ಫೋನ್ ಮಾಡಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ.

“ನಿಮ್ಮ ಮಂಚ ತಗೊಂಡು ಹೋಗಿ,” ಎಂದರು. “ನಾನು ಬಿಚ್ಚಿಸಿದರೆ ಕಿರುಚ್ತಾರೆ. ನೀವಾದರೆ ಬಿಡ್ತಾರೆ.”

ಓದಿಲ್ ಫೋನಿಟ್ಟು ಸ್ಕ್ರೂಡ್ರೈವರುಗಳ ಚೀಲವನ್ನು ನನ್ನ ಕೈಗೆ ಕೊಟ್ಟರು.

೫
ಮೇಷ್ಟ್ರನ್ನು ಕಿಟಕಿಯ ಬಳಿಯ ಅಗಲದ ತೋಳುಕುರ್ಚಿಯಲ್ಲಿ ಕಂಬಳಿ ಹೊದಿಸಿ ಕೂರಿಸಿದ್ದರು. ಕೆನ್ನೆಗಳು ಒಳಕ್ಕೆ ಹೋಗಿದ್ದವು. ನಾಲಿಗೆ ಮಾತ್ರ ಹಾಗೇ ಇತ್ತು. ಕೊನೆಗೂ ಕಿತ್ಕೊಂಡು ಹೋಗೋಕೆ ಬಂದೆಯಾ ಎಂದು ಓದಿಲ್‌ರನ್ನು ಕೆಣಕಿದರು. ನಾವು ಮೊಳೆ, ಸ್ಕ್ರೂ ಸಡಿಲಿಸುತ್ತಿದ್ದಂತೆ ನನಗೆ ಪರೀಕ್ಷೆ ಶುರುವಾಯಿತು.

“ಹದಿನಾಲ್ಕನೆಯವನ ಮುಂದೆ ಯಾರು ಕುರ್ಚಿಗೆ ಒರಗಬಹುದಿತ್ತು?”

“ಯಾರೂ ಇಲ್ಲ ಮೇಷ್ಟ್ರೇ.”

“ಹದಿನೈದನೆಯವನ ಕಾಲಕ್ಕೆ?”

“ಎಲ್ಲರೂ ಒರಗಿದರು. ಹರಟೆ ಹೊಡೆಯೋಕೆ.”

“ಈಗ ನಾನು ಒರಗಬೇಕಾದರೂ ಇಬ್ಬರು ಹಿಡೀಬೇಕು. ಇದಕ್ಕೊಂದು ಹೆಸರಿಡು ನೋಡೋಣ.”

ನದೇಜ್ ಸೇಬಿನ ಗೊಜ್ಜಿನ ಬಟ್ಟಲು ತಂದು ಅವರ ಬಾಯಿಗೆ ಚಮಚ ಇಟ್ಟರು. ಮೇಷ್ಟ್ರು ಅರ್ಧ ನುಂಗಿ, ಅರ್ಧ ಉಗುಳಿದರು. ನದೇಜ್ ಏನೂ ಆಗದವರಂತೆ ಗಲ್ಲ ಒರೆಸಿದರು. ಓದಿಲ್ ಬೇರೆ ಕಡೆ ನೋಡಿದರು.

ಮಂಚವನ್ನು ಗೋಡೆಯಿಂದ ಎಳೆದೆವು. ಕೋಣೆಗೆ ಕಾಣುವ ಬದಿಯಲ್ಲಿ ಹಂಸ, ಹೂಮಾಲೆ, ಚಿನ್ನದ ನೀರು ಹಾಯಿಸಿದ ಕಂಚು. ಗೋಡೆ ಕಡೆಯ ಬದಿ ಬರಿಯ ಮರ. ಹೊಳಪಿಲ್ಲ, ಚಿತ್ತಾರವಿಲ್ಲ, ಅಲ್ಲಲ್ಲಿ ಬಡಗಿಯ ಉಳಿಯ ಗೀರು. ಯಾರೂ ನೋಡದ ಕಡೆ ಯಾರು ಖರ್ಚು ಮಾಡುತ್ತಾರೆ? ನದೇಜ್ ಅದನ್ನು ಮುಟ್ಟಿ ನೋಡುತ್ತ ನಿಂತರು.

“ಗೋಡೆ ಕಡೆ ಯಾರು ಮಲಗ್ತಿದ್ರು?” ಎಂದು ಓದಿಲ್ ಕೇಳಿದರು.

“ನಾನು.”

“ಅವನು ಏಳೋವರೆಗೂ ಇಳಿಯೋಕಾಗ್ತಿರಲಿಲ್ಲ ಅಲ್ವಾ.”

“ಅವರನ್ನ ದಾಟ್ಕೊಂಡು ಇಳೀತಿದ್ದೆ,” ಎಂದರು ನದೇಜ್. “ನೀವು?”

“ನಾನು ಕಾಯ್ತಿದ್ದೆ.”

ಮೇಷ್ಟ್ರಿಗೆ ಇದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕಣ್ಣು ಮುಚ್ಚಿದ್ದರು. ಓದಿಲ್ ಮಂಚದ ಒಂದು ತುದಿ ಹಿಡಿದು, “ಆ ಕಡೆ ಹಿಡ್ಕೊ,” ಎಂದರು. ನದೇಜ್‌ಗೆ ಹೇಳಿದ್ದು. ಅಂದಿನವರೆಗೆ ಅವರಿಬ್ಬರ ನಡುವೆ ‘ನೀವು’ ಬಿಟ್ಟು ಬೇರೆ ಮಾತಿರಲಿಲ್ಲ.

೬
ಮರುದಿನ ಉಕ್ಕಿನ ಮಂಚ ಬಂತು. ಮೂರನೆಯ ಡ್ರಾಫ್ಟಿನಲ್ಲಿ ನಾನು ಇಲ್ಲಿ ಬಹಳ ಕುಸುರಿ ಮಾಡಿದ್ದೆ: ಓದಿಲ್ ಆ ಮಂಚಕ್ಕೆ ರೇಷ್ಮೆಯ ಮೇಲ್ಕಟ್ಟು ಕಟ್ಟುತ್ತಾರೆ, ಜರಿಯ ಪರದೆ ಇಳಿಬಿಡುತ್ತಾರೆ, ಮೇಷ್ಟ್ರು ರಾಜರಂತೆ ಅದರೊಳಗೆ ಮಲಗುತ್ತಾರೆ. ಓದಿಲ್‌ಗೆ ಅನುವಾದಿಸಿ ಹೇಳಿದೆ.

“ಅವನು ಮೇಲ್ಕಟ್ಟು ಬೇಕು ಅಂದದ್ದು ಹೌದು,” ಎಂದರು. “ನಾನು ಕಟ್ಟಲಿಲ್ಲ. ಯಾಕೆ ಕಟ್ಟಿಸ್ತೀಯ?”

ಓದುವವರಿಗೆ ಸ್ವಲ್ಪ ಸಮಾಧಾನವಾಗಲಿ ಎಂದೆ.

“ಅವರ ಸಮಾಧಾನ ಕಟ್ಕೊಂಡು ನನಗೇನು? ನರ್ಸು ಆ ಪರದೆಯೊಳಗೆ ನುಸುಳಿ ಅವನ ಬಟ್ಟೆ ಬದಲಾಯಿಸಬೇಕಿತ್ತಾ?”

ಹಾಗಾಗಿ ನಡೆದದ್ದನ್ನೇ ಹೇಳುತ್ತೇನೆ. ಓದಿಲ್ ಆ ಉಕ್ಕಿನ ಮಂಚವನ್ನು ಗೋಡೆಯಿಂದ ಬಿಡಿಸಿ, ಎರಡೂ ಬದಿಯಿಂದ ಜನ ಓಡಾಡುವಂತೆ ಕೋಣೆಯ ನಡುವೆ ಇರಿಸಿದರು. ಅಗಲದ ತೋಳುಕುರ್ಚಿಯನ್ನು ನದೇಜ್‌ಗಾಗಿ ತಲೆಯ ಬಳಿಗೆ ಎಳೆದರು. ಆಮೇಲೆ ಮಂಚದ ಬದಿಯ ಉಕ್ಕಿನ ಸರಳಿನ ಮೇಲೆ ಕೈಯಿಟ್ಟು, ತಣ್ಣಗಿದೆ ಎಂದರು. ಅಂಗಡಿಯಲ್ಲಿ ಹಳೆಯ ನೀಲಿ ಪಟ್ಟೆಯ ರೇಷ್ಮೆಯ ತುಂಡೊಂದಿತ್ತು. ನಾನು ಅದನ್ನು ಸೀಳಿ, ಒಳಗೆ ಹತ್ತಿ ಇಟ್ಟು, ಸರಳುಗಳಿಗೆ ಅಂಗಿಯ ತೋಳಿನ ಹಾಗೆ ಹೊಲಿದು ತೊಡಿಸಿದೆ.

ಮೇಷ್ಟ್ರು ಮುಖ ತಿರುಗಿಸಿಕೊಂಡೇ ಕೈ ಚಾಚಿ ಮುಟ್ಟಿ ನೋಡಿದರು.

“ಹದಿನಾರನೇ ಲೂಯಿ?” ಎಂದು ಕೇಳಿದರು.

“ಹೌದು. ಹಿಡ್ಕೊ,” ಎಂದರು ಓದಿಲ್.

ಹಿಡಿದುಕೊಂಡರು. ನೋವು ಬಂದಾಗಲೆಲ್ಲ ಅದನ್ನೇ ಹಿಡಿಯುತ್ತಿದ್ದರೆಂದು ನದೇಜ್ ಹೇಳುತ್ತಿದ್ದರು. ರೇಷ್ಮೆ ಒಂದು ಕಡೆ ಸವೆದು ಹತ್ತಿ ಹೊರಬಂತು. ನಾನು ಎರಡು ಸಲ ಹೋಗಿ ತೇಪೆ ಹಾಕಿದೆ. ಎರಡನೆಯ ಸಲ ಹೋದಾಗ ಅವರು ನನ್ನನ್ನು ಗುರುತಿಸಲಿಲ್ಲ.

೭
ದೊಡ್ಡ ಬೀದಿಯ ಸಾಲುಮರಗಳು ಎಲೆ ಉದುರಿಸುತ್ತಿದ್ದ ಒಂದು ಬೆಳಿಗ್ಗೆ ಮೇಷ್ಟ್ರು ತೀರಿಕೊಂಡರು. ಓದಿಲ್ ಗಿರಾಕಿಯೊಬ್ಬರ ಮನೆಯಲ್ಲಿ ಪರದೆ ತೂಗುಹಾಕಿಸುತ್ತಿದ್ದರು. ಫೋನ್ ಬಂದದ್ದು ಮಧ್ಯಾಹ್ನ. ಹೋಗುವಷ್ಟರಲ್ಲಿ ಮೈ ತೊಳೆದು, ಒಳ್ಳೆಯ ಕೋಟು ತೊಡಿಸಿ, ಹೂವಿಟ್ಟು ಎಲ್ಲ ಮುಗಿಸಿದ್ದರು. ಉಸಿರಾಟ ಕೆಟ್ಟದ್ದು ಬೆಳಗಿನ ಜಾವದಲ್ಲೇ ಎಂದು ನರ್ಸು ಬಾಯಿಬಿಟ್ಟಳು.

ಓದಿಲ್ ಅಡುಗೆಮನೆಯಲ್ಲಿ ನದೇಜ್‌ರ ಎದುರು ನಿಂತರು. ನಾನು ಬಾಗಿಲಲ್ಲಿದ್ದೆ.

“ಯಾಕೆ ಕರೀಲಿಲ್ಲ?”

“ಫೋನ್ ಕೈಯಲ್ಲೇ ಇತ್ತು.”

“ಮತ್ತೆ?”

“ನೀನು ಬಂದಿದ್ದರೆ ನಾನು ಎದ್ದು ಜಾಗ ಬಿಡಬೇಕಾಗ್ತಿತ್ತು,” ಎಂದರು ನದೇಜ್. “ನೀನು ಹೇಳ್ತಿರಲಿಲ್ಲ. ನಾನೇ ಎದ್ದುಬಿಡ್ತಿದ್ದೆ. ಆ ಹೊತ್ತೊಂದು ನನಗೊಬ್ಬಳಿಗೇ ಬೇಕಿತ್ತು.”

ಓದಿಲ್ ಸಿಂಕಿನಲ್ಲಿದ್ದ ಕಾಫಿ ಬಟ್ಟಲುಗಳನ್ನು ತೊಳೆದು ಬೋರಲು ಹಾಕಿದರು, ಕೈ ಒರೆಸಿಕೊಂಡರು, ಕೋಟು ಹಾಕಿಕೊಂಡು ಇಳಿದು ಹೋದರು. ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ಅತ್ತರು. ಬಸ್ಸುಗಳು ಬಂದವು, ಹೋದವು. ಅವರು ಅಷ್ಟು ಗಟ್ಟಿಯಾಗಿ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಪಕ್ಕದಲ್ಲಿದ್ದ ಮುದುಕರೊಬ್ಬರು ಎದ್ದು ನನಗೆ ಜಾಗ ಕೊಟ್ಟರು.

೮
(ಇಲ್ಲಿ ಮುಗಿಸಬಹುದು. ಮುಗಿಸಲು ನನ್ನ ಬಳಿ ಸರಕೂ ಇದೆ.

ಮುಕ್ತಾಯ ಒಂದು: ಸಮಾಧಿಯ ಬಳಿ ಇಬ್ಬರೂ ತಬ್ಬಿಕೊಳ್ಳುತ್ತಾರೆ. ತಬ್ಬಿಕೊಳ್ಳಲಿಲ್ಲ, ಆ ಬದಿಗೊಬ್ಬರು, ಈ ಬದಿಗೊಬ್ಬರು ನಿಂತಿದ್ದರು.

ಮುಕ್ತಾಯ ಎರಡು: ಓದಿಲ್ ದೋಣಿಮಂಚಕ್ಕೆ ಬೆಂಕಿ ಹಚ್ಚುತ್ತಾರೆ. ಮಹಾಗನಿಗೆ ಯಾರಾದರೂ ಬೆಂಕಿ ಹಚ್ಚುತ್ತಾರೆಯೇ ಎಂದು ಓದಿಲ್ ನನ್ನನ್ನೇ ಗದರಿದರು.)

ನಡೆದದ್ದು ಇಷ್ಟು. ಬಾಡಿಗೆಗೆ ಕೊಟ್ಟಿದ್ದವರು ಬಂದು ಉಕ್ಕಿನ ಮಂಚ ಒಯ್ದರು. ಕೋಣೆ ಖಾಲಿಯಾಯಿತು. ನದೇಜ್ ಹಜಾರದ ಸೋಫಾದ ಮೇಲೆ ಮಲಗುತ್ತಾರೆ. ಚಳಿಗಾಲದಲ್ಲಿ ಒಮ್ಮೆ ನನ್ನನ್ನು ಕರೆದು, ಆ ಕೋಣೆಯ ನಡುವೆ ನಿಂತು, ಇಲ್ಲಿ ಏನಿಡಲಿ ಎಂದು ಓದಿಲ್‌ಳನ್ನು ಕೇಳಿಕೊಂಡು ಬಾ ಎಂದರು. ಪ್ಲಾಸ್ಟಿಕ್ ಬೇಡ, ಅಷ್ಟು ಗೊತ್ತು ಎಂದರು. ನಗಲು ಹೋದರು, ಆಗಲಿಲ್ಲ.

ಬಂದು ಕೇಳಿದೆ. ಓದಿಲ್ ಕೇಳಿಸದವರಂತೆ ಗಿರಾಕಿಗೆ ಬೆಲೆ ಹೇಳುತ್ತಿದ್ದರು. ಇನ್ನೊಂದು ದಿನ ಮತ್ತೆ ಕೇಳಿದೆ. ಆ ಕಿಟಕಿ ಯಾವ ದಿಕ್ಕಿಗಿದೆ ಎಂದು ನನ್ನನ್ನೇ ಕೇಳಿದರು. ಆ ಮನೆಯಲ್ಲಿ ವರ್ಷಗಟ್ಟಲೆ ಬಾಳಿದವರು ಅವರು.

ಪೂರ್ವಕ್ಕೆ ಎಂದೆ.

ನಿನ್ನೆ ಅವರು ಬಟ್ಟೆಯ ಮಾದರಿಗಳ ಕಟ್ಟು ಬಿಚ್ಚಿ, ಬೆಳಗಿನ ಬಿಸಿಲಿಗೆ ಒಂದೊಂದನ್ನೇ ಹಿಡಿದು ನೋಡುತ್ತಿದ್ದರು. ಎರಡನ್ನು ಬದಿಗಿಟ್ಟರು, ಒಂದನ್ನು ಮತ್ತೆ ಕಟ್ಟಿನೊಳಗೆ ಸೇರಿಸಿದರು. ಯಾರ ಮನೆಗೆ ಎಂದು ಕೇಳುವುದು ನನ್ನ ನಾಲಿಗೆಯ ತುದಿಯವರೆಗೆ ಬಂತು. ಕಥೆಗೆ ಬೇಕಿತ್ತು. ಕೇಳಲಿಲ್ಲ. ನೀವೂ ನನ್ನನ್ನು ಕೇಳಬೇಡಿ.