ಒದ್ದೆ ಮಣ್ಣಿನ ಚಿಟ್ಟೆಗಳು

ಮೂವತ್ತೊಂದು ವರ್ಷ ನಾನು ಕೇಳಿಸಿಕೊಂಡೇ ಸಂಬಳ ತೆಗೆದುಕೊಂಡವನು. ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಹುಡುಕುವುದು ನನ್ನ ಕೆಲಸ. ಕೈಯಲ್ಲಿ ಎದೆಮಟ್ಟದ ಕಬ್ಬಿಣದ ಸರಳು, ಅದರ ಮೇಲ್ತುದಿಗೆ ಹಿತ್ತಾಳೆಯ ಪುಟ್ಟ ಬಟ್ಟಲು. ಸರಳನ್ನು ರಸ್ತೆಗೆ ಊರಿ, ಬಗ್ಗಿ, ಬಟ್ಟಲಿಗೆ ಕಿವಿಯೊತ್ತಿ ಉಸಿರು ಬಿಗಿಹಿಡಿದರೆ ನಾಲ್ಕು ಅಡಿ ಕೆಳಗೆ ಬಿರುಕು ಬಿಟ್ಟ ಪೈಪು ಸುಂಯ್ ಎನ್ನುವುದು ಕೇಳುತ್ತದೆ. ಕೇಳಿದ ಕಡೆ ಸುಣ್ಣದಲ್ಲಿ ಗುರುತು ಹಾಕಿ ‘ಇಲ್ಲಿ ಅಗಿ’ ಎನ್ನುತ್ತಿದ್ದೆ. ಕಚೇರಿಯಲ್ಲಿ ಎಲ್ಲರಿಗೂ ನಾನು ಕಿವಿಯಣ್ಣ. ಹೆಸರು ಹಿಡಿದು ಕರೆದವರು ಯಾರೂ ನೆನಪಿಲ್ಲ.

ಆ ಕಿವಿಯೇ ಒಂದು ದಿನ ಕೈಕೊಟ್ಟಿತು. ಒಂದೇ ಏಟಿಗಲ್ಲ. ಮೊದಲು ಹಕ್ಕಿಗಳು ಹೋದವು, ಆಮೇಲೆ ಗಡಿಯಾರ, ಆಮೇಲೆ ಫೋನಿನಲ್ಲಿ ಮಗಳ ದನಿ. ಎದುರಿಗೆ ನಿಂತವರ ತುಟಿ ನೋಡಿ ಮಾತು ಹಿಡಿಯುವುದನ್ನು ನಾನೇ ಕಲಿತುಕೊಂಡೆ. ಫೋನಿಗೆ ತುಟಿ ಎಲ್ಲಿಂದ ತರುವುದು? ಮಗಳು ಫೋನು ಮಾಡಿದಾಗಲೆಲ್ಲ ‘ನಿಮ್ಮಮ್ಮನ ಹತ್ರ ಮಾತಾಡು’ ಎಂದು ಹೆಂಡತಿಯ ಕೈಗೆ ದಾಟಿಸುತ್ತಿದ್ದೆ. ಮಗಳು ತಾನೇ ಮೆಚ್ಚಿದವನನ್ನು ಮದುವೆಯಾಗಿ ಆಗ ಎರಡು ತಿಂಗಳಾಗಿತ್ತು. ಅಪ್ಪನಿಗೆ ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡಳು. ಅಂದುಕೊಳ್ಳಲಿ ಎಂದು ಬಿಟ್ಟುಬಿಟ್ಟೆ. ಸಿಟ್ಟಿನ ಅಪ್ಪನಾಗಿರುವುದು ಕಿವುಡ ಅಪ್ಪನಾಗಿರುವುದಕ್ಕಿಂತ ಸುಲಭವಿತ್ತು.

ಕಚೇರಿಯಲ್ಲಿ ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನನಗಿಂತ ಮೊದಲು ಈ ಸರಳು ಹಿಡಿದಿದ್ದವರನ್ನು ಕಿವಿ ಮಂದವಾಯಿತೆಂದು ಗೋದಾಮಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂರಿಸಿದ್ದರು. ಹೋಗಿಬರುವವರೆಲ್ಲ ಅವರ ಕಿವಿಯ ಹತ್ತಿರ ಬಂದು ತಮಾಷೆಗೆ ಅರಚುವರು. ಅವರು ಪಾಪ ಹಲ್ಲು ಕಿರಿಯುವರು. ಆ ಸ್ಟೂಲಿನ ಮೇಲೆ ಕೂರಲು ನಾನು ತಯಾರಿರಲಿಲ್ಲ. ಹಳೆಯ ಅಂದಾಜು, ಒಂದಿಷ್ಟು ಅದೃಷ್ಟ, ಇವೆರಡನ್ನು ನೆಚ್ಚಿ ಮೂರು ವರ್ಷ ದಬ್ಬಿದೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದ್ದಾಗ ಆ ಬೇಸಿಗೆ ಬಂತು.

ಅಂಥ ಬಿಸಿಲನ್ನು ನಾನು ಕಂಡಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಊರಿನ ಕೆರೆ ಬಿರುಕು ಬಿಟ್ಟು ಮಕ್ಕಳು ಅದರಲ್ಲಿ ಚೆಂಡಾಡುತ್ತಿದ್ದರು. ಒಂದು ಬೆಳಿಗ್ಗೆ ನನ್ನ ಹೆಂಡತಿ ಭುಜ ತಟ್ಟಿ, ಕಿಟಕಿಯ ಬೆಳಕಿಗೆ ಮುಖ ಕೊಟ್ಟು ನನ್ನೆದುರಿಗೆ ನಿಂತಳು.

“ರೀ, ಈ ಸಲ ಎಷ್ಟೊಂದು ಚಿಟ್ಟೆ ಬಂದಿವೆ ನೋಡಿದ್ರಾ? ಹಿತ್ತಲ ಮೋರಿ ಹತ್ರ ಹೋಗಿ ನೋಡಿ. ಜೇನು, ಕಣಜ, ಏರೋಪ್ಲೇನ್ ಚಿಟ್ಟೆ, ಎಲ್ಲಾ ನೆಂಟರ ಥರ ಬಂದು ಕೂತಿವೆ. ನಿನ್ನೆ ಒಂದು ಮುಂಗುಸಿನೂ ಬಂದಿತ್ತು.”

“ಇನ್ನು ಆನೆ ಬರೋದೊಂದು ಬಾಕಿ” ಎಂದೆ.

“ಬರ್ಲಿ ಬಿಡಿ, ನಿಮ್ಮ ಪಾಲಿನ ಸ್ನಾನದ ನೀರು ಅದಕ್ಕೆ ಕೊಡ್ತೀನಿ.”

ಆ ದಿನಗಳಲ್ಲಿ ಅವಳು ಹೀಗೆ ಮಾತಿಗೆ ಮೊದಲು ಭುಜ ಮುಟ್ಟುವುದನ್ನು, ಎದುರಿಗೇ ಬಂದು ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಈ ವಯಸ್ಸಿನಲ್ಲಿ ಇವಳಿಗೆ ನನ್ನ ಮೇಲೆ ಪ್ರೀತಿ ಉಕ್ಕಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಹಿತ್ತಲಿಗೆ ಹೋಗಿ ನೋಡಿದೆ. ಪಾತ್ರೆ ತೊಳೆದ ನೀರು ಹರಿದ ಕಡೆ ಅಂಗೈಯಷ್ಟು ಮಣ್ಣು ಒದ್ದೆಯಾಗಿತ್ತು. ಅಷ್ಟರಲ್ಲೇ ಇಪ್ಪತ್ತು ಮೂವತ್ತು ಹಳದಿ ಚಿಟ್ಟೆಗಳು ರೆಕ್ಕೆ ಮುಚ್ಚಿ ಒತ್ತೊತ್ತಾಗಿ ಕುಳಿತು, ಕೂದಲೆಳೆಯಂಥ ನಾಲಿಗೆ ಮಣ್ಣಿಗಿಟ್ಟು ಹೀರುತ್ತಿದ್ದವು. ಕಾಲು ಬಡಿದರೂ ಏಳಲಿಲ್ಲ, ಅಷ್ಟು ಬಾಯಾರಿಕೆ. ಆಗಲೇ ನನ್ನ ತಲೆಗೆ ಹೊಳೆದದ್ದು. ಚಿಟ್ಟೆಗಳು ಈ ವರ್ಷ ಹೆಚ್ಚೇನೂ ಹುಟ್ಟಿರಲಿಲ್ಲ. ಉಳಿದ ಕಡೆಯೆಲ್ಲ ಒಣಗಿ, ಇದ್ದವೆಲ್ಲ ಒದ್ದೆಯಿದ್ದ ನಾಲ್ಕು ಕಡೆ ಗುಂಪಾಗಿದ್ದವು. ನೆಲದಡಿಯಲ್ಲಿ ಎಲ್ಲಿ ಪೈಪು ಸೋರುತ್ತಿದೆಯೆಂದು ನನಗೆ ಕೇಳದಿದ್ದರೇನಂತೆ, ಇವಕ್ಕೆ ಗೊತ್ತಲ್ಲ!

ಮರುದಿನದಿಂದ ನನ್ನ ನಾಟಕ ಶುರುವಾಯಿತು. ಬೀದಿಯ ಅಂಚುಗಳನ್ನು, ಕಲ್ಲುಚಪ್ಪಡಿಯ ಸಂದುಗಳನ್ನು ಕಣ್ಣಲ್ಲೇ ಜಾಲಾಡುತ್ತ ನಡೆಯುವುದು. ಚಿಟ್ಟೆ ಗುಂಪು ಕಂಡರೆ, ಕಣಜ ಮಣ್ಣುಂಡೆ ಕಟ್ಟುತ್ತಿದ್ದರೆ, ಅಲ್ಲಿ ಸರಳು ಊರಿ ಎರಡು ನಿಮಿಷ ಕಣ್ಣು ಮುಚ್ಚಿ ತಪಸ್ಸಿಗೆ ನಿಲ್ಲುವುದು. ಆಮೇಲೆ ‘ಇಲ್ಲಿ ಅಗಿ.’ ನನ್ನ ಜೊತೆ ಅಗೆಯುತ್ತಿದ್ದವನನ್ನು ಹಾರೆಯಪ್ಪ ಎನ್ನುತ್ತಿದ್ದೆವು. ನನ್ನದೇ ವಯಸ್ಸು, ಬಾಯಿ ಮಾತ್ರ ನನಗಿಂತ ಉದ್ದ. ಮೂರಡಿ ಅಗೆದರೆ ನೀರು ಚಿಮ್ಮುತ್ತಿತ್ತು. ಎರಡು ತಿಂಗಳಲ್ಲಿ ಇಪ್ಪತ್ತಮೂರು ಸೋರಿಕೆ ಹಿಡಿದೆ. ಎಂಜಿನಿಯರ್ ಎಲ್ಲರೆದುರು ನನ್ನ ಬೆನ್ನು ತಟ್ಟಿ, ‘ಈ ವಯಸ್ಸಲ್ಲೂ ಎಂಥಾ ಕಿವಿ!’ ಎಂದರು. ಅವರ ತುಟಿಯ ಮೇಲೆ ಆ ಮಾತು ಓದಿ ನಾನು ತಲೆ ಬಗ್ಗಿಸಿದೆ.

ಒಂದೇ ಒಂದು ಸಲ ಮುಖಭಂಗವಾಯಿತು. ಬಸ್ ನಿಲ್ದಾಣದ ಹಿಂದಿನ ಗೋಡೆಯ ಬುಡದಲ್ಲಿ ಐವತ್ತಕ್ಕೂ ಹೆಚ್ಚು ಚಿಟ್ಟೆಗಳನ್ನು ಕಂಡು ಹಿಗ್ಗಿ ಗುರುತು ಹಾಕಿದೆ. ಹಾರೆಯಪ್ಪ ಐದಡಿ ಅಗೆದ. ಒಣ ಮಣ್ಣು. ಗುಂಡಿಯೊಳಗಿಂದ ತಲೆಯೆತ್ತಿ ಮೂಗು ಹಿಡಿದುಕೊಂಡು ನನ್ನನ್ನೇ ನೋಡಿದ.

“ಕಿವಿಯಣ್ಣಾ, ಇಲ್ಲಿ ಸೋರಿರೋದು ಪೈಪಲ್ಲ, ಡ್ರೈವರ್‌ಗಳು!”

ಚಿಟ್ಟೆಗಳಿಗೆ ನೀರಿನಷ್ಟೇ ಉಪ್ಪೂ ಬೇಕೆಂದು ಅವತ್ತು ಕಲಿತೆ. ಅವನು ವಾರವಿಡೀ ಕಚೇರಿಗೆಲ್ಲ ಸಾರಿ ನಕ್ಕ. ನಾನೂ ನಕ್ಕೆ. ಆದರೆ ಆಮೇಲೆ ನಾನು ಸರಳು ಊರಿದಾಗಲೆಲ್ಲ ಅವನು ಸರಳನ್ನು ಬಿಟ್ಟು ನನ್ನ ಮುಖ ನೋಡತೊಡಗಿದ.

ನನಗೆ ಬೇಸರವಾಗುತ್ತಿದ್ದದ್ದು ಬೇರೆಯದಕ್ಕೆ. ಸೋರಿಕೆ ಮುಚ್ಚಿದ ಮರುದಿನ ಆ ದಾರಿಯಲ್ಲಿ ಹೋದರೆ ಚಿಟ್ಟೆಗಳು ಮತ್ತೆ ಅಲ್ಲಿಗೇ ಬಂದಿರುತ್ತಿದ್ದವು. ಒಣಗಿದ ಹೊಸ ಮಣ್ಣಿಗೆ ನಾಲಿಗೆ ಇಟ್ಟು, ತೆಗೆದು, ಅತ್ತ ಸರಿದು ಮತ್ತೆ ಇಟ್ಟು ನೋಡುತ್ತಿದ್ದವು. ಮೂರನೆಯ ದಿನ ಬರುತ್ತಿರಲಿಲ್ಲ. ನನ್ನ ಮಾನ ಉಳಿಸಿದವನ್ನು ನಾನೇ ಬಾಯಾರಿಸಿ ಕಳಿಸುತ್ತಿದ್ದೆ. ಇದನ್ನು ಹೆಂಡತಿಗೆ ಹೇಳಬೇಕೆನಿಸುತ್ತಿತ್ತು. ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತದೆಂದು ಸುಮ್ಮನಿರುತ್ತಿದ್ದೆ.

ಆ ಭಾನುವಾರ ನಾನು ಮುಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ವಾರದ ವರದಿ ಬರೆಯುತ್ತಿದ್ದೆ. ಅವಳು ಹನ್ನೊಂದಕ್ಕೆ ಬಟ್ಟೆಯ ಬಕೆಟ್ಟು ಹಿಡಿದು ಹಿತ್ತಲಿಗೆ ಹೋದದ್ದನ್ನು ನೋಡಿದ್ದೆ. ಒಳಗೆ ಬಂದು ಮಲಗಿರಬೇಕು ಎಂದುಕೊಂಡೆ. ಪಕ್ಕದ ಮನೆಯವರು ರಜೆಗೆ ಬೀಗ ಹಾಕಿ ಹೋಗಿದ್ದರು. ಉಳಿದವರು ಬಿಸಿಲಿಗೆ ಹೆದರಿ ಕಿಟಕಿ ಬಾಗಿಲು ಜಡಿದುಕೊಂಡಿದ್ದರು. ಒಂದೂವರೆಗೆ ಹಸಿವಾಗಿ ಎದ್ದು ಅಡುಗೆಮನೆಗೆ ಹೋದೆ. ಒಲೆ ತಣ್ಣಗಿತ್ತು. ಕಿಟಕಿಯಿಂದ ಹೊರಗೆ ನೋಡಿದರೆ ಗೋಡೆ ದಾಟಿ ಚಿಟ್ಟೆಗಳು ಬರುತ್ತಿದ್ದವು. ಒಂದರ ಹಿಂದೆ ಒಂದು, ಹಳದಿ, ಬಿಳಿ, ನೀಲಿ, ಎಲ್ಲವೂ ನೀರಿನ ತೊಟ್ಟಿಯ ಹಿಂದೆ ಇಳಿಯುತ್ತಿದ್ದವು. ಅಷ್ಟು ಚಿಟ್ಟೆಗಳನ್ನು ಇಡೀ ಬೇಸಿಗೆಯಲ್ಲಿ ಒಟ್ಟಿಗೆ ನೋಡಿರಲಿಲ್ಲ.

ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಖುಷಿಯೇ ಆಯಿತು. ಸೋರಿಕೆ ಹಿಡಿಯುವವನ ಮನೆಯಲ್ಲೇ ಸೋರಿಕೆ ಎಂದು ಒಬ್ಬನೇ ನಗುತ್ತ, ಹೆಂಡತಿಯನ್ನು ರೇಗಿಸೋಣವೆಂದು ಮೂಲೆಯಲ್ಲಿದ್ದ ಸರಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ.

ಅವಳು ತೊಟ್ಟಿಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದಳು. ಒಂದು ಕಾಲು ತಪ್ಪು ದಿಕ್ಕಿಗೆ ತಿರುಗಿತ್ತು. ಬಕೆಟ್ಟು ಮಗುಚಿ ನೀರೆಲ್ಲ ಅವಳ ಸುತ್ತ ಇಂಗಿತ್ತು. ಆ ಒದ್ದೆಯ ಮೇಲೆ, ಒದ್ದೆ ಬಟ್ಟೆಗಳ ಮೇಲೆ, ಬೆವರಿದ ಅವಳ ತೋಳಿನ ಮೇಲೆ ಚಿಟ್ಟೆಗಳು ಕುಳಿತಿದ್ದವು. ಅವಳ ತುಟಿ ಅಲುಗುತ್ತಿತ್ತು. ‘ರೀ’ ಎನ್ನುತ್ತಿದ್ದಳು. ನಾನು ಎದುರಿಗೆ ನಿಂತಿದ್ದರೂ ಇನ್ನೂ ‘ರೀ, ರೀ’ ಎನ್ನುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದಿದೆ ಎಂದರು. ಅದಕ್ಕಿಂತ ಬಿಸಿಲಿನ ಏಟು ಜೋರಾಗಿದೆ, ಮೂತ್ರಪಿಂಡಕ್ಕೆ ಹೊಡೆತ ಬಿದ್ದಿದೆ ಎಂದರು. ಮಗಳು ಓಡಿ ಬಂದಳು. ಎರಡನೆಯ ದಿನ ನರ್ಸಮ್ಮ ನಮ್ಮಿಬ್ಬರ ಕಡೆ ತಿರುಗಿ ಹೇಳಿದರು.

“ಅವರನ್ನ ಜಾಸ್ತಿ ಮಾತಾಡಿಸಬೇಡಿ. ಗಂಟಲು ಪೂರ್ತಿ ಕೂತುಬಿಟ್ಟಿದೆ. ಪಾಪ, ಎಷ್ಟು ಹೊತ್ತು ಕೂಗಿದ್ರೋ ಏನೋ.”

ಅವಳ ದನಿ ಒಡೆದದ್ದು ಮಗಳಿಗೆ ಗೊತ್ತಾಗಿತ್ತು, ನರ್ಸಮ್ಮನಿಗೆ ಗೊತ್ತಾಗಿತ್ತು. ಎರಡು ದಿನ ಪಕ್ಕದಲ್ಲೇ ಕುಳಿತಿದ್ದ ನನಗೆ ಗೊತ್ತಾಗಿರಲಿಲ್ಲ. ಮಗಳು ಅಮ್ಮನ ಕಡೆ ಬಗ್ಗಿ, “ಕೂಗಿದ್ರಾ ಅಮ್ಮಾ? ಅಪ್ಪ ಮನೇಲೇ ಇದ್ರಲ್ಲ?” ಎಂದಳು.

ಹೆಂಡತಿ ನನ್ನನ್ನೊಮ್ಮೆ ನೋಡಿ ತಲೆಯಾಡಿಸಿದಳು. ತುಟಿಗಳನ್ನು ಬಿಡಿಸಿ ಬಿಡಿಸಿ, ನನಗೂ ಕಾಣುವಂತೆ ಹೇಳಿದಳು.

“ಇಲ್ಲ ಕಣೇ. ಬಿದ್ದ ತಕ್ಷಣ ಎಚ್ಚರ ತಪ್ತು. ಕೂಗಲೇ ಇಲ್ಲ.”

ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಭುಜ ತಟ್ಟಿದ್ದು, ಬೆಳಕಿಗೆ ಮುಖ ಕೊಟ್ಟು ನಿಂತದ್ದು, ಮಗಳ ಫೋನಿನ ಮಾತೆಲ್ಲ ಆಮೇಲೆ ನನ್ನೆದುರು ಕುಳಿತು ಒಂದೊಂದಾಗಿ ಹೇಳಿದ್ದು, ಎಲ್ಲ ಅದಕ್ಕೇ. ನಾನು ಮುಚ್ಚಿಟ್ಟುಕೊಂಡದ್ದನ್ನು ನನಗಿಂತ ಚೆನ್ನಾಗಿ ಅವಳು ಮುಚ್ಚಿಟ್ಟಿದ್ದಳು. ಗೊತ್ತಿದ್ದೂ ಎರಡು ಗಂಟೆ ಕೂಗಿದ್ದಳು. ಕೂಗದೆ ಇನ್ನೇನು ಮಾಡಿಯಾಳು? ನಾನೊಬ್ಬನೇ ತಾನೇ ಇದ್ದದ್ದು.

ನಾಲ್ಕನೆಯ ದಿನ ಮಧ್ಯಾಹ್ನ ಉಸಿರಾಟ ಕಷ್ಟವಾಗಿ ಮೂಗು ಬಾಯಿ ಸೇರಿಸಿ ಆಮ್ಲಜನಕದ ಮುಖವಾಡ ಹಾಕಿದರು. ಮಗಳು ಬಾಗಿಲ ಬಳಿ ಡಾಕ್ಟರ ಜೊತೆ ಮಾತಾಡುತ್ತಿದ್ದಳು. ಹೆಂಡತಿ ಕಣ್ಣು ತೆರೆದು ನನ್ನ ಕೈ ಎಳೆದಳು. ಏನೋ ಹೇಳತೊಡಗಿದಳು. ಮುಖವಾಡದ ಒಳಗೆ ಅವಳ ಉಸಿರು ಮಂಜಾಗಿ ಕಟ್ಟಿಕೊಂಡು ತುಟಿ ಕಾಣುತ್ತಿರಲಿಲ್ಲ. ತೆಗೆಯಲು ಭಯವಾಯಿತು. ಮಗಳು ಹತ್ತು ಹೆಜ್ಜೆ ದೂರದಲ್ಲಿದ್ದಳು. ‘ಬಾರಮ್ಮ, ನಿಮ್ಮಮ್ಮ ಏನೋ ಹೇಳ್ತಿದ್ದಾಳೆ, ಕೇಳು’ ಎಂದಿದ್ದರೆ ಸಾಕಿತ್ತು. ‘ನಿಮಗೆ ಕೇಳಿಸ್ತಿಲ್ವಾ’ ಎಂದು ಅವಳು ಡಾಕ್ಟರ ಎದುರಿಗೇ ಕೇಳುತ್ತಾಳಲ್ಲ ಎಂದು ಕರೆಯಲಿಲ್ಲ. ಮಂಜು ಕಟ್ಟುತ್ತಿತ್ತು, ಬಿಡುತ್ತಿತ್ತು, ಮತ್ತೆ ಕಟ್ಟುತ್ತಿತ್ತು. ಹೆಂಡತಿ ಬಹಳ ಹೊತ್ತು ಮಾತಾಡಿದಳು. ನಾನು ಮೂರು ವರ್ಷ ಎಲ್ಲರೆದುರು ಮಾಡಿದ್ದನ್ನೇ ಮಾಡಿದೆ. ತಲೆಯಾಡಿಸಿ, “ಹೂಂ, ಆಯ್ತು, ಆಯ್ತು” ಎಂದೆ. ಸಂಜೆಯಾಗುವ ಮೊದಲೇ ಹೋಗಿಬಿಟ್ಟಳು.

ಎಲ್ಲ ಮುಗಿದು ಜನ ಬಂದುಹೋಗುವುದು ನಿಂತ ಮೇಲೆ ಒಂದು ಮಧ್ಯಾಹ್ನ ಮಗಳು ಅಡುಗೆಮನೆಯ ಮೇಜಿಗೆ ನನ್ನೆದುರು ಬಂದು ಕುಳಿತಳು. ಅತ್ತು ಅತ್ತು ಮುಖ ಊದಿತ್ತು.

“ಅಪ್ಪಾ, ಅವತ್ತು ಅಮ್ಮ ನಿಮಗೆ ಏನೋ ಹೇಳ್ತಿದ್ರಲ್ಲ. ನೀವು ಹೂಂ ಅಂತಿದ್ರಿ. ಬಾಗಿಲಿಂದ ನೋಡ್ದೆ. ಏನಂದ್ರು? ನನ್ನ ಬಗ್ಗೆ ಏನಾದ್ರೂ ಅಂದ್ರಾ?”

ಈ ಪ್ರಶ್ನೆ ಬರುತ್ತದೆಂದು ಗೊತ್ತಿದ್ದು ಒಂದು ಉತ್ತರ ಕಟ್ಟಿಟ್ಟುಕೊಂಡಿದ್ದೆ. ‘ಮಗಳನ್ನ ಚೆನ್ನಾಗಿ ನೋಡ್ಕೊಳ್ಳಿ ಅಂದ್ಲು’ ಎನ್ನುವ ಉತ್ತರ. ಯಾವ ತಾಯಿಯಾದರೂ ಹೇಳುವಂಥದ್ದು, ಯಾರೂ ಅನುಮಾನಪಡದಂಥದ್ದು. ಬಾಯಿ ತೆರೆದೆ. ಅವಳು ಹೇಳಿದ್ದು ಅದಾಗಿರದಿದ್ದರೆ? ನನ್ನ ಮಾನಕ್ಕಾಗಿ ಅವಳ ಕೊನೆಯ ಮಾತನ್ನೂ ನಾನೇ ಕಟ್ಟಿ ಹೇಳಲೇ?

“ನಂಗೆ ಕೇಳಿಸಲಿಲ್ಲಮ್ಮ.”

“ಅಷ್ಟು ಮೆತ್ತಗೆ ಹೇಳಿದ್ರಾ?”

“ಹಾಗಲ್ಲ. ನಂಗೆ ಕಿವಿ ಕೇಳಿಸಲ್ಲ. ಮೂರು ವರ್ಷ ಆಯ್ತು. ನೀನು ಮಾತಾಡೋದನ್ನ ತುಟಿ ನೋಡಿ ತಿಳ್ಕೊಳ್ತೀನಿ. ಅವಳ ತುಟಿ ಕಾಣ್ತಿರಲಿಲ್ಲ.”

“ಮೂರು ವರ್ಷ” ಎಂದಳು. “ಫೋನಿಗೆ ಬರ್ತಿರಲಿಲ್ವಲ್ಲ, ಅದಕ್ಕಾ? ಸಿಟ್ಟಲ್ವಾ?”

“ಸಿಟ್ಟು ಯಾವತ್ತೂ ಇರಲಿಲ್ಲ.”

ಅವಳು ಮುಖ ಮುಚ್ಚಿಕೊಂಡಳು. ಬೆರಳುಗಳ ಹಿಂದೆ ಏನೋ ಹೇಳುತ್ತಿದ್ದಳು, ನನಗೆ ತಿಳಿಯಲಿಲ್ಲ. ಆಮೇಲೆ ಕೈ ತೆಗೆದು, ಅಮ್ಮನ ಹಾಗೆಯೇ ಕಿಟಕಿಯ ಬೆಳಕಿನ ಕಡೆ ತಿರುಗಿ, ನಿಧಾನವಾಗಿ ಕೇಳಿದಳು.

“ಹಾಗಾದ್ರೆ ಅವತ್ತು ಅಮ್ಮ ಕೂಗಿದ್ರು. ಅಲ್ವಾ?”

“ಕೂಗಿದ್ಲು” ಎಂದೆ. “ನಾನು ಮುಂದಿನ ಕೋಣೆಯಲ್ಲೇ ಇದ್ದೆ.”