ತೂಕಕ್ಕೆ ಸೇರದ ಒಂದು ಹಿಡಿ

ನನ್ನ ಹುರಿಹಿಟ್ಟು ಚೆನ್ನಾಗಿದೆ ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೊಗಳಲಿ ಎಂದು ಕಾಯುತ್ತ ಕೂತರೆ ಹಿಟ್ಟಿಗೆ ಹುಳ ಬೀಳುತ್ತದೆ. ರಾಗಿಯನ್ನು ಅರಳು ಹುರಿದು, ಬೀಸಿ, ಬೆಲ್ಲ ಏಲಕ್ಕಿ ಸೇರಿಸುವ ಈ ಕೆಲಸ ಗೆಟ್ಟವಾಡಿಯ ಯಾವ ಹೆಂಗಸಿಗೂ ಗೊತ್ತು. ಆದರೆ ಅದಕ್ಕೊಂದು ಹೆಸರಿಟ್ಟವಳು ನಾನೊಬ್ಬಳೇ. ‘ಪ್ರಮೀಳಾ ಹುರಿಹಿಟ್ಟು’. ಚಾಮರಾಜನಗರದ ಪ್ರೆಸ್ಸಿನಲ್ಲಿ ಲೇಬಲ್ ಮಾಡಿಸಿದೆ. ಮೇಲೆ ಕನ್ನಡ, ಕೆಳಗೆ ತಮಿಳು, ನಡುವೆ ನನ್ನ ಮುಖ. ಫೋಟೋ ತೆಗೆಸುವುದಕ್ಕೆಂದೇ ಮದುವೆಯ ಸರ ಹಾಕಿಕೊಂಡು ಹೋಗಿದ್ದೆ.

ಲೇಬಲ್ ನೋಡಿದ ಅತ್ತೆ ಪುಟ್ಟಗೌರಮ್ಮ, “ಮೂಗಿಗಿಂತ ಮೂಗುತಿ ಭಾರ ಆಯ್ತು ಕಣವ್ವ,” ಎಂದರು.

ನನ್ನ ಗಂಡ ಶಿವಶಂಕರ ಪಕ್ಕದಲ್ಲೇ ಕೂತು ನಕ್ಕ. “ಇಟ್ಟು ತಿನ್ನೋರು ನಿನ್ ಮೊಖ ನೋಡ್ಕಂಡೇ ತಿನ್ಬೇಕಾ?”

“ನೋಡ್ಕಂಡ್ ತಿನ್ಲಿ ಬುಡು. ಇನ್ನೊಂದ್ ತುತ್ತು ಜಾಸ್ತಿ ಓಯ್ತದ,” ಎಂದೆ.

ಹೋಯಿತು ಕೂಡ. ತಾಳವಾಡಿ ಸಂತೆಯಲ್ಲಿ ಸೇರಿನಿಂದ ಅಳೆದು ಮಾರುತ್ತಿದ್ದ ಹಿಟ್ಟು ಚಾಮರಾಜನಗರದ ಅಂಗಡಿಗಳಲ್ಲಿ ಪ್ಯಾಕೆಟ್ಟಾಗಿ ಕೂತಿತು. ಆಮೇಲೆ ಕೊಯಮತ್ತೂರಿನ ಒಂದು ದೊಡ್ಡ ಅಂಗಡಿಯಿಂದ ಫೋನು ಬಂತು. ಆ ಅಂಗಡಿಗೆ ಊರಿನಲ್ಲೆಲ್ಲ ಶಾಖೆಗಳು. ಸರಕು ಆರಿಸುವ ರಾಜಶೇಖರ್ ಎಂಬುವವರು ಮಾತಾಡಿದರು. ಅವರದು ತಮಿಳು. ಗಡಿಯ ಬೆಟ್ಟದ ಮೇಲಿನ ನಮ್ಮ ಕಡೆ ಎರಡು ಭಾಷೆಯೂ ಒಂದೇ ನಾಲಿಗೆಯ ಮೇಲಿರುತ್ತದೆ, ಹಾಗಾಗಿ ಅವರ ಮಾತನ್ನು ಕನ್ನಡದಲ್ಲೇ ಹೇಳುತ್ತೇನೆ. “ಮೊದಲು ಒಂದು ಲೋಡು ಕಳಿಸಿ. ಸರಿಯಿದ್ದರೆ ಎಲ್ಲ ಶಾಖೆಯಲ್ಲೂ ನಿಮಗೆ ಕಾಯಂ ಜಾಗ,” ಎಂದರು. ಫೋನು ಕೆಳಗಿಡುವ ಮೊದಲೇ ನಾನು ಊರಿಗೆಲ್ಲ ಡಂಗುರ ಹೊಡೆದಾಗಿತ್ತು. ಇನ್ನು ಈ ಲೋಡು ಕೆಟ್ಟರೆ ಗೆಟ್ಟವಾಡಿಯಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ಹಿಂದಿನ ಕೊಟ್ಟಿಗೆಯನ್ನು ಸಾರಿಸಿ, ಟೈಲ್ಸ್ ಹಾಕಿಸಿ, ಪ್ಯಾಕಿಂಗ್ ರೂಮು ಮಾಡಿದ್ದೆ. ಇಷ್ಟು ದಿನ ನಾನೇ ತೂಗಿ ತುಂಬುತ್ತಿದ್ದೆ. ಈಗ ಲೋಡು ದೊಡ್ಡದಾದ್ದರಿಂದ ಹತ್ತಿರದ ತಿಗನಾರೆಯಿಂದ ಹೆಂಗಸರನ್ನು ಕರೆಸಿದೆ. ಅವರಲ್ಲಿ ಹಿರಿಯಳು ಕರಿಯಮ್ಮ. ನಮ್ಮ ಹೊಲದಲ್ಲಿ ಕಳೆ ಕಿತ್ತು, ರಾಗಿ ಕೊಯ್ದು ಮುದುಕಿಯಾದವಳು. ಬಾಯಿ ಮಾತ್ರ ಇನ್ನೂ ಹರೆಯದ್ದು. ತೂಕದ ಮೆಷಿನ್ ಮುಂದೆ ಅವಳನ್ನು ಕೂರಿಸಿ, ಅರ್ಧ ಕಿಲೋ ಎಂದರೆ ಎಲ್ಲಿಗೆ ನಿಲ್ಲಬೇಕು ಎಂದು ತೋರಿಸಿಕೊಟ್ಟೆ. ಒಂದೇ ಸಲಕ್ಕೆ ಕಲಿತಳು. ಲೇಬಲ್ ಸಾಲದೆ ಬಂದಿದ್ದರಿಂದ ಅಂದು ನಾನು ಚಾಮರಾಜನಗರಕ್ಕೆ ಬಸ್ಸು ಹತ್ತಿದೆ. ತಿರುಗಿ ಬರುವಷ್ಟರಲ್ಲಿ ಪ್ಯಾಕೆಟ್ಟುಗಳೆಲ್ಲ ಸೀಲಾಗಿ ಗುಂಡುಗುಂಡಗೆ ಕೂತಿದ್ದವು. ಲೇಬಲ್ ಅಂಟಿಸಿ, ಡಬ್ಬಕ್ಕೆ ತುಂಬಿಸಿ, ಎಲೆಕೋಸಿನ ಲಾರಿಯಲ್ಲಿ ದಿಂಬಂ ಘಾಟಿ ಇಳಿಸಿದೆ.

ಲಾರಿ ಮುಟ್ಟಿದ ದಿನವೇ ರಾಜಶೇಖರ್ ಫೋನು ಮಾಡಿದರು. ದನಿ ಗಡಸಾಗಿತ್ತು.

“ಏನಮ್ಮಾ ಇದು? ಒಂದು ಪ್ಯಾಕೆಟ್ಟಿನ ತೂಕ ಇನ್ನೊಂದಕ್ಕಿಲ್ಲ. ಘಾಟಿ ತಿರುವಿನಲ್ಲಿ ಹೊಟ್ಟೆ ಒಡೆದು ಹಿಟ್ಟೆಲ್ಲ ಚೆಲ್ಲಿದೆ. ಗೋಡೌನಿನಲ್ಲಿ ನಮ್ಮ ಬಟ್ಟೆಸೋಪಿನ ಪುಡಿಯ ಮೇಲೆಲ್ಲ ನಿಮ್ಮ ರಾಗಿ!”

“ತೂಕ ಕಮ್ಮಿ ಇದೆಯಾ?”

“ಕಮ್ಮಿಯಿಲ್ಲ. ಜಾಸ್ತಿ. ಒಂದೊಂದರಲ್ಲಿ ಒಂದೊಂದು ಥರ ಜಾಸ್ತಿ. ಇವತ್ತು ಜಾಸ್ತಿ ಹಾಕುವವರು ನಾಳೆ ಕಮ್ಮಿ ಹಾಕುವುದಿಲ್ಲ ಎಂದು ನಾನು ಹೇಗೆ ನಂಬಲಿ? ಸರಕು ವಾಪಸ್ ಕಳಿಸುತ್ತೇನೆ. ಗುರುವಾರ ನಾನೇ ಮೈಸೂರಿಗೆ ಹೋಗುವವನಿದ್ದೇನೆ. ದಾರಿಯಲ್ಲಿ ನಿಮ್ಮ ಪ್ಯಾಕಿಂಗ್ ನೋಡಿ ಹೌದು ಅಥವಾ ಇಲ್ಲ ಹೇಳುತ್ತೇನೆ.”

ಸಿಟ್ಟು ನೆತ್ತಿಗೇರಿತು. ಸೀದಾ ಪ್ಯಾಕಿಂಗ್ ರೂಮಿಗೆ ಹೋದೆ. ಕರಿಯಮ್ಮ ಜರಡಿ ಹಿಡಿಯುತ್ತ ಕೂತಿದ್ದಳು.

“ಏನ್ ಮಾಡ್ದೆ ಕರಿಯಮ್ಮ? ಮೆಷಿನ್ ನೋಡಿ ತೂಗು ಅಂದ್ರೆ ಎಂಗ್ ತೂಗ್ದೆ?”

“ನೋಡೇ ತೂಗ್ದಿ ಕಣವ್ವ. ಅರ್ಧ ಅಂದ್ರೆ ಅರ್ಧ. ಒಂದ್ ಕಾಳ್ ಅತ್ತಾಗಿಲ್ಲ, ಒಂದ್ ಕಾಳ್ ಇತ್ತಾಗಿಲ್ಲ.”

“ಮತ್ತೆ ಜಾಸ್ತಿ ಎಲ್ಲಿಂದ ಬಂತು?”

“ಅದು ತೂಕ ಅಲ್ಲ, ಕೊಸರು.” ಏನೂ ತಪ್ಪೇ ಆಗಿಲ್ಲವೆಂಬಂತೆ ಹೇಳಿದಳು. “ತೂಗಾದ್ಮ್ಯಾಕೆ ಒಂದೊಂದ್ ಇಡಿ ಆಕ್ದಿ. ಕೊಸರು ಆಕ್ದೆ ಎಂಗವ್ವ ಕಳ್ಸದು? ಕಂಡೋರ್ ಮನೆ ಮಕ್ಕಳು ತಿನ್ನಾದು.”

ಕೊಸರಿನ ರೂಢಿ ನನಗೂ ಗೊತ್ತು. ಸಂತೆಯಲ್ಲಿ ಸೊಪ್ಪು ಕೊಂಡರೆ ಮೇಲೊಂದು ಹಿಡಿ, ಕಾಳು ಕೊಂಡರೆ ಮೇಲೊಂದು ಬೊಗಸೆ. ಕೊಸರು ಕೊಡದವನ ಅಂಗಡಿಗೆ ನಾನೇ ಎರಡನೇ ಸಲ ಕಾಲಿಡುವುದಿಲ್ಲ. ಆದರೆ ಸೀಲು ಮಾಡುವ ಪ್ಯಾಕೆಟ್ಟಿಗೆ ಕೊಸರು ಹಾಕುವ ಬುದ್ಧಿ ಈ ಬೆಟ್ಟ ಬಿಟ್ಟರೆ ಇನ್ನೆಲ್ಲಿ ಹುಟ್ಟೀತು?

“ನಿನ್ನ ಕೊಸರಿಂದ ನನ್ನ ಎಸ್ರು ಮಣ್ಣಾಯ್ತು! ನಿಂದೇನು ಓಯ್ತದ? ರಾಗಿ ನಂದು, ಬೆಲ್ಲ ನಂದು. ಯಾರಪ್ಪನ್ ಮನೆ ಗಂಟು ಅಂತ ಇಡಿ ಇಡಿ ಎತ್ತಿ ಕೊಟ್ಟೆ?”

ಜರಡಿ ನಿಂತಿತು. ಉಳಿದ ಹೆಂಗಸರು ತಲೆ ತಗ್ಗಿಸಿದರು. ಕರಿಯಮ್ಮ ತಗ್ಗಿಸಲಿಲ್ಲ.

“ಏಳ್ತಿನಿ ಕೇಳವ್ವ. ನಿಮ್ಮತ್ತೆ ನಂಗೆ ಕೂಲಿ ರಾಗಿ ಅಳೀತಿದ್ರು. ಅಳ್ತೆ ಬಳ್ಳ ತುಂಬುದ್ ಮ್ಯಾಕೆ ಅಂಗೈಲಿ ಅದರ್ ಬಾಯಿ ಸವ್ರೋರು. ಮ್ಯಾಲ್ ಇದ್ದಿದ್ದು ತಿರ್ಗ ಅವರ್ ಚೀಲಕ್ಕೇ ಬೀಳಾದು. ನಾನು ಮದ್ವೆಯಾಗಿ ಬಂದಾಗ್ಲಿಂದ ಅಂಗೇ. ಬೇರೆ ಮನೇಲೂ ಅಂಗೇ. ನಾನು ಇಸ್ಕಳೋಳೇ ಒರ್ತು, ಅಳ್ದು ಕೊಡೋಳು ಅಲ್ಲ. ಮೊನ್ನೆ ನೀನು ಕೂರ್ಸ್ದೆ ನೋಡು, ಅವತ್ತೇ ಮೊದ್ಲು. ನನ್ ಕೈಲೂ ಸವ್ರುಸ್ಬೇಕಾ?”

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ, ತಿರುಗಿ ಒಳಕ್ಕೆ ಹೋದರು. ನನಗೆ ಆಗ ನಾಚಿಕೆಯಾಯಿತು, ನಿಜ. ಬಳ್ಳ ಸವರಿದ ರಾಗಿಯಲ್ಲಿ ನಾನೂ ಉಂಡಿದ್ದೆ. ಆದರೆ ಸಿಟ್ಟೂ ಇಳಿಯಲಿಲ್ಲ. ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದರೆ ನನಗೆ ನಿದ್ದೆ ಬರುವುದಿಲ್ಲ, ಉಪಾಯ ಬರುತ್ತದೆ.

ಗುರುವಾರ ರಾಜಶೇಖರ್ ಬಂದರು. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ, ಮುಖದಲ್ಲಿ ‘ಇಲ್ಲ’ ಎನ್ನುವ ಉತ್ತರ. ಬಿಸಿ ಹಾಲಿಗೆ ಹುರಿಹಿಟ್ಟು ಕಲಸಿ ಕೊಟ್ಟೆ. ಲೋಟ ಖಾಲಿ ಮಾಡಿದರು, ಮುಖ ಮಾತ್ರ ಹಾಗೇ ಇತ್ತು.

“ರುಚಿಯ ಬಗ್ಗೆ ಮಾತೇ ಇಲ್ಲ,” ಎಂದರು. “ಆದರೆ ತಪ್ಪು ಮಾಡಿದವರು ಇನ್ನೂ ಕೆಲಸದಲ್ಲಿದ್ದಾರೆಯೇ?”

“ಇದ್ದಾರೆ. ಅವರ ಕೈಯಿಂದಲೇ ನಿಮಗೆ ಒಂದು ಸೇರು ಕೊಡಿಸುತ್ತೇನೆ. ಮನೆಗೆ ಒಯ್ಯಿರಿ. ಡಬ್ಬಿ ಇದೆಯಾ?”

ಕಾರಿನಿಂದ ಅವರ ಊಟದ ಡಬ್ಬಿ ಬಂತು. ಕರಿಯಮ್ಮ ಸೇರು ತುಂಬಿ ಡಬ್ಬಿಗೆ ಸುರಿದಳು. ಅಳತೆ ಮುಗಿಯಿತು. ನಾನು ಅವಳಿಗೆ ಮೊದಲೇ ಹೇಳಿಕೊಟ್ಟಿದ್ದೆ, ಅಲ್ಲೇ ಕೈ ನಿಲ್ಲಿಸು ಎಂದು. ನಿಲ್ಲಿಸಿದಳು. ಪಾಪ, ಅವಳಿಗೆ ಅದೆಷ್ಟು ಕಷ್ಟವಾಯಿತೋ, ಬೆರಳು ಹಿಟ್ಟಿನ ಮೇಲೇ ಆಡುತ್ತಿದ್ದವು.

ರಾಜಶೇಖರ್ ಡಬ್ಬಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಾಗೇ ಚಾಚಿಕೊಂಡು ನಿಂತಿದ್ದರು.

“ಅಳತೆ ಆಯಿತಲ್ಲ ಸಾರ್, ಮುಚ್ಚಳ ಹಾಕಿ,” ಎಂದೆ.

ಅವರು ಡಬ್ಬಿ ನೋಡಿದರು, ಕರಿಯಮ್ಮನ ಕೈ ನೋಡಿದರು. ಆಮೇಲೆ ತಮ್ಮ ಚಾಚಿದ ಕೈಯನ್ನೇ ನೋಡಿ ಜೋರಾಗಿ ನಕ್ಕುಬಿಟ್ಟರು. “ಕೊಸುರು!” ಎಂದರು. ತಮಿಳಿನಲ್ಲೂ ಅದೇ ಮಾತು. “ನಮ್ಮಮ್ಮ ಮಾರ್ಕೆಟ್ಟಿಗೆ ಕರೆದುಕೊಂಡು ಹೋದಾಗ, ಕೊಸುರು ಬೀಳುವ ತನಕ ಚೀಲ ಎತ್ತಬೇಡ ಎನ್ನುತ್ತಿದ್ದಳು.”

“ನಿಮ್ಮ ಅಂಗಡಿಯಲ್ಲಿ ಅದು ಸಿಗುತ್ತದಾ?”

“ಅಲ್ಲಿ ಬಿಲ್ಲು ಸಿಗುತ್ತದೆ,” ಎಂದರು. ಕರಿಯಮ್ಮನ ಹಿಡಿ ಡಬ್ಬಿಗೆ ಬಿದ್ದ ಮೇಲೆಯೇ ಮುಚ್ಚಳ ಹಾಕಿದರು.

ಕಬ್ಬಿಣ ಕಾದಾಗಲೇ ಬಡಿಯಬೇಕು. ಬಡಿದೆ. “ಪ್ಯಾಕೆಟ್ಟು ಅರ್ಧ ಕಿಲೋ, ಒಂದು ಕಾಳು ಆಚೀಚೆಯಿಲ್ಲ. ತೂಗುವಾಗ ನಾನೇ ನಿಂತಿರುತ್ತೇನೆ. ಕೊಸರು ಬೇರೆ ಪೊಟ್ಟಣ. ಅದನ್ನು ಅಂಗಡಿಯ ಶೆಲ್ಫಿನಲ್ಲಿ ಇಡುವ ಹಾಗಿಲ್ಲ. ಗಿರಾಕಿ ಬಿಲ್ಲಿನ ದುಡ್ಡು ಕೊಟ್ಟು, ಚೀಲ ಎತ್ತಿ, ಇನ್ನೇನು ಹೊರಟರು ಎನ್ನುವಾಗ ನಿಮ್ಮ ಬಿಲ್ಲಿನ ಹುಡುಗಿ ಕೂಗಿ ಕರೆದು ಕೈಗೆ ಕೊಡಬೇಕು. ನಿಮ್ಮ ಎದುರಂಗಡಿಯವನು ದೊಡ್ಡ ಬೋರ್ಡು ಹಾಕಬಹುದು, ದರ ಇಳಿಸಬಹುದು. ಕೂಗಿ ಕರೆದು ಕೊಡುತ್ತಾನಾ? ಕರೆದು ಕೊಟ್ಟವರನ್ನು ಯಾರೂ ಮರೆಯುವುದಿಲ್ಲ.”

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಒಂದು ತಿಂಗಳು, ಒಂದೇ ಶಾಖೆ. ನಡೆದರೆ ಎಲ್ಲ ಕಡೆ. ಪೊಟ್ಟಣಕ್ಕೂ ಒಂದು ಲೇಬಲ್ ಮಾಡಿಸಿ.”

ಅದನ್ನೂ ಯೋಚಿಸಿಟ್ಟಿದ್ದೆ. ಹೇಳುವಾಗ ನನ್ನ ದೊಡ್ಡತನಕ್ಕೆ ನನಗೇ ಕಣ್ಣು ತುಂಬಿ ಬಂತು. “ಪೊಟ್ಟಣದ ಮೇಲೆ ನನ್ನ ಫೋಟೋ ಬೇಡ. ಕರಿಯಮ್ಮಂದು ಹಾಕೋಣ. ‘ಕರಿಯಮ್ಮನ ಕೊಸರು’.”

“ಬ್ಯಾಡ,” ಎಂದಳು ಕರಿಯಮ್ಮ.

“ಯಾಕವ್ವ? ನಿನ್ನ ಮೊಖ ಕೊಯಮತ್ತೂರೆಲ್ಲ ನೋಡ್ತದ.”

“ನನ್ ಮೊಖ ಬ್ಯಾಡ, ನಿನ್ ಮೊಖಾನೂ ಬ್ಯಾಡ. ಯಾರ್ ಎಸ್ರೂ ಆಕ್ಬ್ಯಾಡಿ. ಪ್ಯಾಕೆಟ್ಗೆ ಎಸ್ರು ಆಕು, ಅದು ಯಾಪಾರ. ಕೊಸರಿಗೆ ಎಸ್ರು ಆಕುದ್ರೆ ಅದೂ ಯಾಪಾರ ಆಯ್ತದ. ಇಂತೋಳು ಕೊಟ್ಲು ಅಂತ ಇಸ್ಕಂಡೋರು ನೆನೀತಾನೇ ಇರ್ಬೇಕಾ? ನಿಮ್ಮತ್ತೆ ಸವ್ರಿ ಕೊಟ್ಟಿದ್ ರಾಗೀನೂ ‘ಗೌಡ್ರ ಮನೆ ಕೊಟ್ಟಿದ್ದು’ ಅಂತ್ಲೇ ಏಳಿ ಉಣ್ತಿದ್ದೊ ಕಣವ್ವ. ಎಸ್ರು ಏಳ್ದೆ ಒಂದ್ ತುತ್ತು ಗಂಟ್ಲಲ್ಲಿ ಇಳೀತಿರ್ನಿಲ್ಲ.”

ರಾಜಶೇಖರ್ ಗಂಟಲು ಸರಿಮಾಡಿಕೊಂಡರು. “ಹೆಸರಿಲ್ಲದ ಸರಕನ್ನು ನಮ್ಮ ಕಂಪ್ಯೂಟರಿಗೆ ಹಾಕಲಾಗುವುದಿಲ್ಲವಲ್ಲ.”

“ಕಂಪ್ಯೂಟ್ರಿಗೆ ಯಾಕೆ ಆಕ್ತೀರಿ? ಕೈಗೆ ಆಕಿ,” ಎಂದಳು ಅವಳು.

ಬಾವಿಯ ಬಕೆಟ್ಟಿನ ಮೇಲೂ ಹೆಸರು ಬರೆಸುವವಳು ನಾನು. ಇಷ್ಟು ಒಳ್ಳೆಯ ಉಪಾಯ ಹೆಸರಿಲ್ಲದೆ ಊರೂರು ತಿರುಗಬೇಕೇ ಎಂದು ಅನ್ನಿಸಿತು. ಆದರೂ ಪೊಟ್ಟಣಕ್ಕೆ ಬಿಳಿಯ ಕಾಗದವೇ ಆಗಲಿ ಎಂದೆ.

ಶುರುವಿನ ದಿನ ನಾನೇ ಘಾಟಿ ಇಳಿದು ಕೊಯಮತ್ತೂರಿಗೆ ಹೋದೆ. ಬಿಲ್ಲಿನ ಮೇಜಿನ ಪಕ್ಕ ಪೊಟ್ಟಣದ ಬುಟ್ಟಿ ಇಟ್ಟುಕೊಂಡು ನಿಂತೆ. ಹಿಂದಿನ ಶೆಲ್ಫಿನ ತುಂಬ ನನ್ನ ಮುಖ ಸಾಲಾಗಿ ನಗುತ್ತಿತ್ತು. ಮೊದಲು ಕೊಂಡವರು ಒಬ್ಬ ಮುದುಕಿ. ಕೊಂಡಿದ್ದು ಒಂದೇ ಪ್ಯಾಕೆಟ್ಟು. ದುಡ್ಡು ಕೊಟ್ಟು ಬಾಗಿಲ ತನಕ ಹೋಗಿದ್ದರು.

“ಅಮ್ಮಾ, ನಿಲ್ಲಿ,” ಎಂದು ಕೂಗಿದೆ.

ಅವರು ಗಾಬರಿಯಾಗಿ ತಿರುಗಿದರು. ದುಡ್ಡು ಕಮ್ಮಿ ಕೊಟ್ಟೆನೇನೋ ಎಂದು ಸೆರಗಿನ ಗಂಟಿಗೆ ಕೈಹಾಕಿದರು. ಆ ಕೈಯೊಳಗೇ ಪೊಟ್ಟಣ ಇಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು, ಎಲ್ಲೂ ಏನೂ ಬರೆದಿರಲಿಲ್ಲ.

“ಇದು ಯಾರದಮ್ಮ?” ಎಂದರು.

ನನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಕರಿಯಮ್ಮನ ಹೆಸರೂ ಬಂತು. ಎರಡನ್ನೂ ನುಂಗಿಕೊಂಡೆ.

“ನಿಮ್ಮದೇ ಅಮ್ಮ,” ಎಂದೆ.

ಅವರು ಪೊಟ್ಟಣವನ್ನು ಚೀಲಕ್ಕೆ ಹಾಕಲಿಲ್ಲ. ದುಡ್ಡಿನ ಜೊತೆಗೇ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೋದರು.