ಪಾಲಕ್ಕನ ದನಿ

ಮಾರುತೇಶನಿಗೆ ಹೆಸರು, ಬೆಂಗಳೂರಲ್ಲಿ ಮನೆ, ಓಡಾಡಲು ಕಾರು ಎಲ್ಲವನ್ನೂ ತಂದುಕೊಟ್ಟದ್ದು ಒಂದೇ ಒಂದು ಮಾತು: ಪಾಲು.

ಎಂಟು ವರ್ಷದ ಹಿಂದೆ ಅವನೂ ಮೈಕು ಹಿಡಿದು ಒಬ್ಬನೇ ನಿಂತು ನಗಿಸಲು ಹೆಣಗುತ್ತಿದ್ದ ನೂರಾರು ಸ್ಟ್ಯಾಂಡಪ್ ಹುಡುಗರಲ್ಲಿ ಒಬ್ಬ. ಹಗಲೆಲ್ಲ ಡಬ್ಬಿಂಗ್ ಸ್ಟುಡಿಯೋದಲ್ಲಿ ಕಾರ್ಟೂನಿನ ಕಪ್ಪೆಗೂ ಸಿನಿಮಾದ ಸಂತೆಗದ್ದಲಕ್ಕೂ ದನಿ ಕೊಡುವುದು, ಸಂಜೆ ಯಾವುದೋ ಕಾಫಿ ಅಂಗಡಿಯ ಮಹಡಿಯ ಮೇಲೆ ಇಪ್ಪತ್ತು ಜನರೆದುರು ಬೆವರುವುದು. ಒಂದು ಸಂಜೆ ಏನು ಹೇಳಿದರೂ ಒಬ್ಬರೂ ಹಲ್ಲು ಬಿಡಲಿಲ್ಲ. ಮೈ ಉರಿದುಹೋಗಿ, ಬೆವರು ಒರೆಸಿಕೊಳ್ಳುತ್ತಿದ್ದ ಟವೆಲನ್ನೇ ಸೆರಗಿನಂತೆ ತಲೆಯ ಮೇಲೆಳೆದುಕೊಂಡು ಅವ್ವ ಕೆಂಚಕ್ಕನ ದನಿಯಲ್ಲಿ ಮಾತಾಡಿಬಿಟ್ಟ. ಜನ ಬಿದ್ದು ಬಿದ್ದು ನಕ್ಕರು.

ಕೆಂಚಕ್ಕ ರಾಯದುರ್ಗದ ಕಡೆಯ ತೆಲುಗು ಹೆಣ್ಣು. ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಗೆ ಸೊಸೆಯಾಗಿ ಬಂದವಳು. ತೆಲುಗಿನಲ್ಲಿ ಹಾಲಿಗೆ ಪಾಲು ಅನ್ನುತ್ತಾರೆ. ಮದುವೆಯಾದ ಮರುದಿನ ಬೆಳಿಗ್ಗೆ ಹೊಸ ಸೊಸೆ ಅಡುಗೆಮನೆಯಿಂದ ಇಣುಕಿ, "ಮಾವಯ್ಯಾ, ಪಾಲು ಕೊಡ್ರೀ" ಅಂದಳಂತೆ. ಮಾವನ ಬಾಯಿಂದ ಬೀಡಿ ಜಾರಿತಂತೆ. "ಮೈಮೇಲಿನ ಅರಿಶಿನ ಆರಿಲ್ಲ, ಆಗ್ಲೇ ಆಸ್ತೀಲಿ ಪಾಲು ಕೇಳ್ತಾಳಲ್ಲಪ್ಪೋ!" ಇದಿಷ್ಟೇ ಕಥೆ. ಇದನ್ನು ಮಾರುತೇಶ ಎಳೆದೂ ಎಳೆದೂ ಹನ್ನೆರಡು ನಿಮಿಷ ಮಾಡುತ್ತಿದ್ದ. ನಡುವೆ, ಮನೆಯಲ್ಲಿ ಎಮ್ಮೆ ಕಟ್ಟಿಕೊಂಡೂ ಒಂದು ಹನಿ ಹಾಲು ಹಾಕದೆ ಬರೀ ಟೀ ಕುಡಿಯುವ ಅವ್ವನ ಜಿಪುಣತನವನ್ನೂ ಸೇರಿಸುತ್ತಿದ್ದ. ಆ ವಿಡಿಯೋ ಲಕ್ಷಾಂತರ ಜನರ ಫೋನಿಗೆ ಹೋಯಿತು. ಅವನು ಪಾಲಕ್ಕನಾದ. ಕಥೆ ಅವನು ಹುಟ್ಟಿಸಿದ್ದಲ್ಲ. ಚಿಕ್ಕಂದಿನಲ್ಲಿ ದೊಡ್ಡಪ್ಪ ದುರುಗಣ್ಣ ತೊಡೆ ತಟ್ಟಿಕೊಂಡು ನಗುತ್ತಾ ಹೇಳಿದ್ದು. ಅಪ್ಪ ಚಿತ್ತಪ್ಪ ತೀರಿಕೊಂಡಾಗ ಮಾರುತೇಶ ಇನ್ನೂ ಅಂಬೆಗಾಲಿಡುವ ಕೂಸು, ಹಾಗಾಗಿ ಮನೆಯ ಹಳೆಯ ಸುದ್ದಿಯೆಲ್ಲ ಅವನಿಗೆ ದೊಡ್ಡಪ್ಪನ ಬಾಯಿಂದಲೇ ಬಂದಿತ್ತು. ದೊಡ್ಡಪ್ಪನೂ ಹೋಗಿ ಹತ್ತು ವರ್ಷವಾಯಿತು.

ಈಗ ಪ್ಯಾಕೆಟ್ ಹಾಲಿನ ಹೊಸ ಕಂಪನಿಯೊಂದು ತನ್ನ ಜಾಹೀರಾತಿಗೆ ಪಾಲಕ್ಕನ ದನಿಯೇ ಬೇಕೆಂದು ಹಿಡಿದಿತ್ತು. ಟಿವಿ, ರೇಡಿಯೋ, ಊರೂರಿನ ಆಟೋ ಪ್ರಚಾರ, ಎಲ್ಲಕ್ಕೂ ಒಂದೇ ದನಿ, ಮೂರು ವರ್ಷಕ್ಕೆ. "ನನ್ ಪಾಲು ನಂಗೆ ಕೊಡ್ರೀ" ಅನ್ನುವುದೇ ಅದರ ಸಾಲು. ಆದರೆ ರೆಕಾರ್ಡಿಂಗ್ ಮಾಡಿಸುತ್ತಿದ್ದ ಗೋವರ್ಧನ ನಲವತ್ತು ಸಲ ಹೇಳಿಸಿ ಹೆಡ್‌ಫೋನ್ ಕಳಚಿಟ್ಟ.

"ಮಾರುತೇಶ್, ಇದು ಪಾಲಕ್ಕ ಅಲ್ಲ, ಪಾಲಕ್ಕನ ಮಿಮಿಕ್ರಿ. ಮೊದಲನೇ ವಿಡಿಯೋದಲ್ಲಿ ಒಂದು ಎಳೆತ ಇತ್ತು, ಹೊಟ್ಟೆಯೊಳಗಿಂದ ಬರ್ತಿತ್ತು. ಅದೆಲ್ಲಿ ಹೋಯ್ತು? ಭಾನುವಾರದೊಳಗೆ ಸಿಗದಿದ್ರೆ ಕಂಪನಿಯವರು ಬೇರೆಯವರನ್ನ ನೋಡ್ತಾರಂತೆ."

ಮಾತು ನಿಜವೇ ಆಗಿತ್ತು. ಎಷ್ಟೋ ದಿನದಿಂದ ಮಾರುತೇಶ ಅವ್ವನನ್ನು ಅನುಕರಿಸುತ್ತಿರಲಿಲ್ಲ, ತನ್ನನ್ನೇ ತಾನು ಅನುಕರಿಸುತ್ತಿದ್ದ. ಊರಿಗೆ ಹೋಗದೆ ಎರಡು ವರ್ಷವಾಗಿತ್ತು, ಫೋನಿನಲ್ಲೂ ಅವ್ವ ಹೂಂ, ಊಹೂಂ ಬಿಟ್ಟು ಹೆಚ್ಚು ಮಾತಾಡುತ್ತಿರಲಿಲ್ಲ. ಕೆಲಸ ಕೈತಪ್ಪೀತೆಂಬ ಭಯ ಒಳಗೊಳಗೇ ಕೊರೆಯತೊಡಗಿತು. ಶನಿವಾರ ಸಂಜೆ ಹೇಗೂ ಚಳ್ಳಕೆರೆಯಲ್ಲಿ ಅವನ ಕಾರ್ಯಕ್ರಮವಿತ್ತು. ಬೆಳಿಗ್ಗೆಯೇ ಕೊಂಡ್ಲಹಳ್ಳಿಗೆ ಹೋಗಿ ಅವ್ವನನ್ನು ಮಾತಿಗೆಳೆದು, ಜೇಬಿನ ಫೋನಿನಲ್ಲಿ ಗುಟ್ಟಾಗಿ ರೆಕಾರ್ಡು ಮಾಡಿಕೊಂಡರೆ ಆಯಿತು ಅಂದುಕೊಂಡ. ಅವ್ವ ಬಾಗಿಲಿಗೆ ಬಂದು, "ಏಮಿ ನಾಯ್ನಾ, ಈಗ್ ಬಂದ್ಯಾ?" ಅಂದರೆ ಸಾಕು, ಎಳೆತ ಅದರಲ್ಲೇ ಇರುತ್ತದೆ.

ಅವ್ವ ಬಾಗಿಲಿಗೆ ಬಂದಳು. "ಬಾ ಮಗನೇ. ಚೆನ್ನಾಗಿದ್ದೀಯಾ?" ಅಂದಳು.

ಮಾರುತೇಶ ಚಪ್ಪಲಿ ಬಿಡುತ್ತಿದ್ದವನು ತಲೆಯೆತ್ತಿ ನೋಡಿದ. ಮುಖ ಅವ್ವನದೇ, ಮಾತು ಮಾತ್ರ ಆಕಾಶವಾಣಿಯದು.

ಮಧ್ಯಾಹ್ನದವರೆಗೆ ಅವನು ಹಾಕದ ಗಾಳವಿಲ್ಲ. ಶೇಂಗಾ ಬೆಳೆ ಕೇಳಿದ, ಸೋದರಮಾವನ ಸುದ್ದಿ ತೆಗೆದ, ಬೇಕೆಂದೇ ತಾನೇ ತೆಲುಗಿನಲ್ಲಿ ಮಾತಾಡಿದ. ಅವಳು ಎಲ್ಲಕ್ಕೂ ಒಂದೊಂದೇ ಪದವನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ ಕನ್ನಡದಲ್ಲೇ ಉತ್ತರ ಕೊಟ್ಟಳು. ಚಿಕ್ಕಂದಿನಿಂದ ಮುದ್ದಿಗೆ ಕರೆಯುತ್ತಿದ್ದ ನಾಯ್ನಾ ಎಂಬ ಮಾತೂ ಬರಲಿಲ್ಲ. ಅದು ಅವನಿಗೆ ಎಳೆತ ಸಿಗದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಕೊಟ್ಟಿಗೆಯ ಗೂಟದಲ್ಲಿ ಹಗ್ಗವಷ್ಟೇ ಇತ್ತು.

"ಎಮ್ಮೆ ಎಲ್ಲವ್ವಾ?"

"ಮಾರಿದೆ. ವಯಸ್ಸಾಯಿತು, ಮೇವು ತರೋದಕ್ಕೆ ಆಗೋದಿಲ್ಲ," ಅಂದವಳೇ ಬರೀ ಟೀ ತಂದಿಟ್ಟಳು.

ನಿಜ ಹೇಳಿದ್ದು ಪಕ್ಕದ ಮನೆಯ ಹುಚ್ಚಕ್ಕ. ಎಂಬತ್ತು ದಾಟಿದ ಮುದುಕಿ, ನಾಲಿಗೆ ಮಾತ್ರ ಇನ್ನೂ ಇಪ್ಪತ್ತರದು. ಕೆಂಚಕ್ಕ ಹೊಲದ ಕಡೆ ಹೋದದ್ದನ್ನು ನೋಡಿಕೊಂಡೇ ಕಟ್ಟೆಗೆ ಬಂದು ಕೂತಳು.

"ಎಮ್ಮೆ ಯಾಕ್ ಮಾರಿದ್ಲು ಗೊತ್ತೇನಲೇ ನಿನಗೆ? ಡೈರಿಗೆ ಹೋದ್ರೆ ಸಾಕು, 'ಪಾಲಕ್ಕಾ, ಇವತ್ತು ಎಷ್ಟು ಲೀಟ್ರು ಪಾಲು ತಂದೆ?' ಅಂತ ಹುಡುಗ್ರು ಶುರು ಹಚ್ಕಂತಿದ್ವು. ಬಸ್ಸಾಗೂ ಅದೇ, ಮೊಳಕಾಲ್ಮುರು ಸಂತ್ಯಾಗೂ ಅದೇ. ಅವತ್ತಿಂದ ಬಾಯಿಗೆ ಬೀಗ ಹಾಕ್ಯಂಡ್ಲು. ರೇಡಿಯೋ ಮುಂದೆ ಕುಂತು, ಪಾಲು ಬಿಟ್ಟು ಹಾಲು ಅನ್ನಾಕೆ, ಹಕಾರ ಕಲ್ತಾಳೆ ಕಣಲೇ, ಈ ವಯಸ್ಸಿಗೆ!"

ಮಾರುತೇಶನ ಮುಖ ಸಣ್ಣದಾಯಿತು. "ಪ್ರೀತಿಗೆ ಮಾಡಿದ್ದಜ್ಜಿ. ದೊಡ್ಡಪ್ಪ ಹೇಳಿದ್ದ ಕಥೆ ಅದು. ಮದುವೆ ಮಾರನೇ ದಿನ..."

"ಯಾವ ಮದುವೆ? ನಿಮ್ಮ ದೊಡ್ಡಪ್ಪ ಕತೆ ಕಟ್ಟಾದ್ರಾಗೆ ನಿನ್ನೂ ಮೀರಿಸ್ತಿದ್ದ." ಹುಚ್ಚಕ್ಕ ಎಲೆ ಅಡಿಕೆ ಉಗಿದು ಬಂದಳು. "ಅದು ನಿಮ್ಮಪ್ಪ ಸಾಯಾ ದಿನ ಕಣಪ್ಪಾ. ನಾನು ಅಲ್ಲೇ ಇದ್ದೆ. ಚಿತ್ತಪ್ಪ ಕೊನೇ ಉಸ್ರು ಎಳೀತಿದ್ದ. ತಲೆ ತೊಡೆ ಮ್ಯಾಲೆ ಇಟ್ಕಂಡು ನಿಮ್ಮವ್ವ, ಬಾಯಿಗೆ ನಾಕು ಹನಿ ಹಾಲು ಬಿಡಾನ ಅಂತ, 'ಪಾಲು ಕೊಡ್ರೀ, ಬೇಗ ಪಾಲು ಕೊಡ್ರೀ' ಅಂತ ಕೂಗಿದ್ಲು. ಆ ತಿಂಗ್ಳೆಲ್ಲ ಮನ್ಯಾಗೆ ಹೊಲ ಹಂಚಾ ಜಗಳ. ದುರುಗಣ್ಣ ಎದ್ದು ನಿಂತ. 'ಗಂಡನ ಜೀವ ಇನ್ನೂ ಐತೆ, ಆಗ್ಲೇ ಪಾಲು ಕೇಳ್ತೀಯೇನೇ' ಅಂತ ಬೈದ. ಇವ್ಳು ಕೂಗಾದು, ಅವ್ನು ಬೈಯಾದು. ಆಮ್ಯಾಲೆ ಯಾರೋ, 'ಅಯ್ಯೋ ಅದು ತೆಲುಗು ಪಾಲು ಕಣ್ರೋ, ಹಾಲು' ಅಂದ್ರು. ಎಲ್ಲಾರೂ ಘೊಳ್ ಅಂತ ನಕ್ಕುಬಿಟ್ರು. ನಕ್ಕು ಮುಗಿಸಿ ಲೋಟ ತರಾದ್ರಾಗೆ ಚಿತ್ತಪ್ಪ ಹೋಗಿದ್ದ. ಒಣಬಾಯಾಗೆ ಹೋದ."

"ಅಲ್ಲಿ ಯಾರಿಗೂ ತೆಲುಗು ಬರ್ತಿರ್ಲಿಲ್ವಾ?"

"ಬರ್ದೆ ಏನು? ಈ ಗಡೀನಾಗೆ ತೆಲುಗು ಬರ್ದೆ ಇರಾನು ಯಾರು? ದುರುಗಣ್ಣಂಗೂ ಬರ್ತಿತ್ತು. ಆದ್ರೆ ಅವತ್ತು ಅವ್ನಿಗೆ ಕನ್ನಡದಾಗೇ ಕೇಳಿಸ್ತು."

ಮಾರುತೇಶನಿಗೆ ಎದ್ದು ಎಲ್ಲಾದರೂ ಓಡಿಹೋಗಬೇಕೆನಿಸಿತು. ಎಂಟು ವರ್ಷ, ಎಷ್ಟು ಊರು, ಎಷ್ಟು ಜನ! ದುಬೈನ ಕನ್ನಡ ಸಂಘದವರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅಪ್ಪನ ಸಾವನ್ನು ಅವನು ಹೆಗಲ ಮೇಲೆ ಹೊತ್ತು ಊರೂರು ತಿರುಗಿ ನಗಿಸಿ ಬಂದಿದ್ದ. ದೊಡ್ಡಪ್ಪನ ಮೇಲೆ ಸಿಟ್ಟು ಬಂತು, ಆದರೆ ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಆಗುವುದೇನು? ಎಂಟು ವರ್ಷದಲ್ಲಿ ಒಂದು ಸಲವಾದರೂ ಅವ್ವನನ್ನೇ ಕೇಳಬಹುದಿತ್ತು. ಕೇಳಿರಲಿಲ್ಲ, ಅಷ್ಟೆ.

ಅವ್ವ ಹೊಲದಿಂದ ಬಂದಾಗ ಅವನು, "ಅವ್ವಾ, ಸಂಜೆ ನೀನು ನನ್ ಜೊತೆ ಚಳ್ಳಕೆರೆಗೆ ಬಾ," ಅಂದ. "ಹುಚ್ಚಜ್ಜಿ ಎಲ್ಲಾ ಹೇಳಿದ್ಲು. ಇಷ್ಟು ದಿನ ಸುಳ್ಳು ಹೇಳಿದ ಬಾಯಾಗೇ ಇವತ್ತು ನಿಜ ಹೇಳ್ತೀನಿ. ಎಲ್ಲರ ಮುಂದೆ."

ಕೆಂಚಕ್ಕ ಕುಡುಗೋಲನ್ನು ಸೂರಿಗೆ ಸಿಕ್ಕಿಸಿದಳು. "ಬೇಡ ಮಗನೇ," ಅಂದಳು. ಅವನು ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಮದುವೆಮನೆಗೆಂದು ಎತ್ತಿಟ್ಟಿದ್ದ ಮೊಳಕಾಲ್ಮುರು ಸೀರೆ ಉಟ್ಟು ಕಾರು ಹತ್ತಿದಳು.

ಚಳ್ಳಕೆರೆಯ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲುಗಳಲ್ಲಿ ಕುದಾಪುರದ ಸಂಶೋಧನಾ ಸಂಸ್ಥೆಗಳ ಕುಟುಂಬಗಳು, ಹಿಂದೆ ಎಣ್ಣೆ ಮಿಲ್ಲಿನವರು, ಕಾಲೇಜು ಹುಡುಗರು, ಗೋಡೆಗೊರಗಿ ನಿಂತವರು ಇನ್ನೊಂದಿಷ್ಟು. ಅರ್ಧ ಗಂಟೆ ಅದೂ ಇದೂ ಹೇಳಿ ನಗಿಸಿದ ಮೇಲೆ, "ಪಾಲಕ್ಕ! ಪಾಲಕ್ಕ!" ಎಂಬ ಕೂಗು ಶುರುವಾಯಿತು. ಮಾರುತೇಶ ಟವೆಲು ಮುಟ್ಟಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇವತ್ತು ನಮ್ಮವ್ವ ಇಲ್ಲೇ ಬಂದವ್ಳೆ. ಅವಳ ಮುಂದೆ ಒಂದು ನಿಜ ಹೇಳ್ಬೇಕು. ಇದು ನಗೋ ಕಥೆ ಅಲ್ಲ."

ಸಭೆ ಹೋ ಎಂದು ನಕ್ಕಿತು. ನಗಿಸುವವರೆಲ್ಲ ಶುರು ಮಾಡುವುದೇ ಹಾಗಲ್ಲವೇ?

ಅವನು ಬಿಡದೆ ಹೇಳುತ್ತಾ ಹೋದ. ಅಪ್ಪನ ತಲೆ ಅವ್ವನ ತೊಡೆಯ ಮೇಲಿತ್ತು ಅಂದ. ಉಸಿರು ಎಳೆಯುತ್ತಿತ್ತು ಅಂದ. ಜನ ನಗು ಹಿಡಿದುಕೊಂಡು ಕಾಯುತ್ತಿದ್ದರು, ಬರುವ ಮಾತು ಯಾವುದೆಂದು ಅವರಿಗೆ ಗೊತ್ತಿತ್ತು. ಆ ಮಾತನ್ನು ಅವನು ತನ್ನ ಸ್ವಂತ ದನಿಯಲ್ಲೇ ಹೇಳಬೇಕೆಂದಿದ್ದ. ಬಾಯಿ ತೆರೆದರೆ ಬಂದದ್ದು ಅವ್ವನದು. ಇಷ್ಟು ದಿನ ಕೈಗೆ ಸಿಗದ ಎಳೆತ ಹೊಟ್ಟೆಯ ಆಳದಿಂದ ತಾನಾಗಿ ಎದ್ದು ಬಂತು.

"ಪಾಲು ಕೊಡ್ರೀ... ಬೇಗ ಪಾಲು ಕೊಡ್ರೀ..."

ಸಭಾಂಗಣವೇ ಒಡೆದುಹೋಗುವಂತೆ ನಕ್ಕರು. ಒಬ್ಬ ಪಕ್ಕದವನ ಬೆನ್ನಿಗೆ ಗುದ್ದುತ್ತಿದ್ದ. "ನಗಬೇಡ್ರಪ್ಪಾ, ನಮ್ಮಪ್ಪ ಸತ್ತಿದ್ದು ನಿಜ," ಎಂದು ಮಾರುತೇಶ ಕೂಗಿದ. ಅದಕ್ಕೂ ನಕ್ಕರು, ಇನ್ನೂ ಜೋರಾಗಿ. ಅವನ ಕಣ್ಣಲ್ಲಿ ನೀರು ಬಂದದ್ದಕ್ಕೆ ಶಿಳ್ಳೆ ಬಿತ್ತು. ಫೋನುಗಳೆಲ್ಲ ಮೂರನೇ ಸಾಲಿನಲ್ಲಿದ್ದ ಅವ್ವನ ಕಡೆ ತಿರುಗಿದವು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹೆಗಲು ಕುಲುಕುತ್ತಿತ್ತು. ನೋಡಿದವರಿಗೆ ಅವಳೂ ನಗುತ್ತಿರುವಂತೆಯೇ ಕಂಡಿತು, ಮಾರುತೇಶನಿಗೂ.

ಅವನು ಅಲ್ಲಿಗೇ ನಿಲ್ಲಿಸಿ ಕೈ ಮುಗಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ಬಂದು ಅವ್ವ ಮಗ ಕಾರು ಹತ್ತಿದರು. ಊರು ದಾಟುವ ಮೊದಲು ರಸ್ತೆ ಬದಿಯ ಅಂಗಡಿಯೊಂದರಲ್ಲಿ ಅವನು ಎರಡು ಟೀ ಹೇಳಿ ಬೆಂಚಿನ ಮೇಲೆ ಅವಳನ್ನು ಕೂರಿಸಿದ. ಆಗಲೇ ಗೋವರ್ಧನನ ಫೋನು ಬಂತು.

"ಮಾರುತೇಶ್! ಇವತ್ತಿನ ಕ್ಲಿಪ್ಪು ಯಾರೋ ಕಳಿಸಿದ್ರು. ಸಿಕ್ಕಿತಲ್ಲ ಮಾರಾಯ, ಅದೇ ಎಳೆತ! ನಾಳೆ ಹತ್ತು ಗಂಟೆಗೆ ಬಂದುಬಿಡಿ."

"ನಾ ಬರಾಕಿಲ್ಲ ಸಾರ್. ಆ ಮಾತು ಇನ್ಮೇಲೆ ನನ್ ಬಾಯಾಗೆ ಬರಾಕಿಲ್ಲ," ಅಂದ ಮಾರುತೇಶ. ಅತ್ತಲಿಂದ ಗೋವರ್ಧನ ಬಿದ್ದು ಬಿದ್ದು ನಗುವುದು ಕೇಳಿಸಿತು. "ಅದೇ, ಅದೇ ಟೋನು! ಹಾಗೇ ಹಿಡ್ಕೊಂಡಿರಿ, ಬಿಡಬೇಡಿ," ಅಂದು ಫೋನಿಟ್ಟ.

"ಯಾಕೆ ಬರೋದಿಲ್ಲ ಅಂದೆ? ಕೆಲಸ ಬಿಡಬೇಡ," ಅಂದಳು ಕೆಂಚಕ್ಕ.

"ನಿಜ ಹೇಳಿದ್ರೂ ನಕ್ಕರಲ್ಲವ್ವಾ ಅವ್ರು. ನೀನೂ..."

ಕೆಂಚಕ್ಕ ರಸ್ತೆಯ ಕಡೆ ನೋಡುತ್ತಾ ಕೂತಿದ್ದಳು. ಶೇಂಗಾ ಮೂಟೆ ಹೇರಿದ ಲಾರಿಯೊಂದು ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಅವಳು ಬಾಯಿ ತೆರೆದಳು. ಬೆಳಿಗ್ಗೆಯಿಂದ ಅವನು ಬೇಡಿದ, ಹಂಬಲಿಸಿದ ದನಿ ಅದು, ಒಂದು ಎಳೆಯೂ ಕಡಿಮೆಯಿಲ್ಲದೆ.

"ಅವತ್ತೂ ಹಿಂಗೇ ನಕ್ಕಿದ್ರು ನಾಯ್ನಾ. ಹುಚ್ಚಕ್ಕ ಒಂದು ಹೇಳಿರಾಕಿಲ್ಲ ನಿನಗೆ, ಅವ್ಳು ನೋಡಿಲ್ಲ. ಅಷ್ಟು ಜನ ನಕ್ಕಿದ್ದಕ್ಕೆ ನಂಗೂ ತಡ್ಯಾಕಾಗ್ಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ ನಾನು. ನಾನೂ ನಕ್ಕೆ. ನಕ್ಕು ತಲೆ ಬಗ್ಗಿಸಿ ನೋಡ್ತೀನಿ, ನಿಮ್ಮಪ್ಪ ನನ್ ಮುಖಾನೇ ನೋಡ್ತಾ ಹೋಗ್ಬಿಟ್ಟವ್ನೆ."

ಮಾರುತೇಶನ ಕೈಯಲ್ಲಿ ಫೋನು ಇನ್ನೂ ಬೆಳಗುತ್ತಿತ್ತು. ಅವನು ಅದನ್ನು ಆರಿಸಿ ಜೇಬಿಗೆ ಹಾಕಿ ಅವ್ವನ ಕೈ ಹಿಡಿದುಕೊಂಡ. ಅಂಗಡಿಯವನು ಎರಡು ಲೋಟ ತಂದಿಟ್ಟ. ಕೆಂಚಕ್ಕ ತನ್ನ ಲೋಟದೊಳಗೆ ಇಣುಕಿ ನೋಡಿ ಅದನ್ನು ಮೆಲ್ಲಗೆ ಮಗನ ಕಡೆ ಸರಿಸಿದಳು.

"ಇದರಲ್ಲಿ ಹಾಲಿದೆ," ಅಂದಳು, ಹಕಾರ ಎಲ್ಲೂ ತಪ್ಪದಂತೆ. "ನೀನು ಕುಡಿ."